ಹಳೇ ಫೋಟೋ ‘ಏಐ ಕ್ಲಿಯರ್’ ಮಾಡಿಸುವವರು ಸ್ವಲ್ಪ ತಡೀರಿ

ಮನೆಯಲ್ಲಿ ತೀರಿಹೋದ ಹಿರಿಯರದು ಒಂದೇ ಒಂದು ಫೋಟೋ ಉಳಿದಿದ್ದರೆ, “ಏಐನಾಗ ಹಾಕಿ ಫುಲ್ ಕ್ಲಿಯರ್ ಮಾಡಿ ಕೊಡ್ತೀವ್ರಿ” ಎನ್ನುವ ಅಂಗಡಿಗೆ ಅದನ್ನು ಒಪ್ಪಿಸುವ ಮೊದಲು ಇದನ್ನೊಮ್ಮೆ ಓದಿಕೊಳ್ಳಿ. ಬಳ್ಳಾರಿ, ಸಿರುಗುಪ್ಪ, ಗಂಗಾವತಿ, ಸಿಂಧನೂರು, ಎಲ್ಲಿ ನೋಡಿದರೂ ಫ್ಲೆಕ್ಸ್ ಅಂಗಡಿ, ಝೆರಾಕ್ಸ್ ಅಂಗಡಿ, ಸ್ಟುಡಿಯೋಗಳ ಮುಂದೆ ಈಗ ಇದೇ ಬೋರ್ಡು. ಎಡಕ್ಕೆ ಮಾಸಿದ ಕಪ್ಪು ಬಿಳುಪು ಮುಖ, ಬಲಕ್ಕೆ ಅದೇ ಮುಖ ಬಣ್ಣದಲ್ಲಿ ಮಿರಮಿರ. ನಮ್ಮ ಮನೆಯ ಫೋಟೋ ಹೋದದ್ದು ಬಳ್ಳಾರಿಯ ಒಂದು ಅಂಗಡಿಗೆ. ಹೆಸರು ಬರೆಯುವುದಿಲ್ಲ. ಬರೆದರೆ ಉಳಿದ ಅಂಗಡಿಗಳಿಗೆ ಧೈರ್ಯವಾಗಿ ಹೋಗಬಹುದು ಅಂತ ನೀವು ತಿಳಿದುಕೊಳ್ಳುತ್ತೀರಿ.

ಫೋಟೋ ನಮ್ಮ ಅವ್ವನ ತಾಯಿಯದು. ಸಿರುಗುಪ್ಪ ತಾಲೂಕಿನ ಹಳ್ಳಿಯ ಹೆಣ್ಣುಮಗಳು, ಕ್ಯಾಮೆರಾ ಮುಂದೆ ಕೂತದ್ದು ಬಹುಶಃ ಅದೊಂದೇ ಸಲ. ಅಜ್ಜಿ ಕುರ್ಚಿಯ ಮೇಲೆ, ಪಕ್ಕದಲ್ಲಿ ರುಮಾಲು ಸುತ್ತಿದ ಅಜ್ಜ ನಿಂತಿದ್ದಾನೆ. ಸೋದರಮಾವ ಹೊಸ ಮನೆ ಕಟ್ಟಿಸಿದ. ಗೃಹಪ್ರವೇಶಕ್ಕೆ ಮೊದಲು ಪಡಸಾಲೆಯಲ್ಲಿ ದೊಡ್ಡದೊಂದು ಫೋಟೋ ತೂಗುಹಾಕಬೇಕು ಅಂತ ಆಸೆಪಟ್ಟು, ಚೌಕಟ್ಟು ಸಮೇತ ಒಯ್ದು ಕೊಟ್ಟು ಬಂದ. ಆಸೆಯಲ್ಲಿ ತಪ್ಪೇನಿಲ್ಲ. ಊರಿಗೆ ಊರೇ ಮಾಡಿಸುತ್ತಿದೆ.

ಬಂದ ಫೋಟೋವನ್ನು ನೋಡಿ ಅವ್ವ ಕೇಳಿದ್ದು ಒಂದೇ ಮಾತು: “ಇಕಿ ಯಾರೋ?”

ಮಾವ, “ಅಕ್ಕಾ, ಎಷ್ಟ್ ಚಂದ ಬಂದೈತಿ ನೋಡು” ಅಂದ.

“ಚಂದ ಐತಿ. ನಮ್ಮವ್ವ ಅಲ್ಲ.”

ನಿಧಾನಕ್ಕೆ ನೋಡುತ್ತ ಹೋದರೆ ಒಂದೊಂದೇ ಬಯಲಾಯಿತು. ಅಜ್ಜಿಯ ಹಣೆಗೂ ಗದ್ದಕ್ಕೂ ಹಸಿರು ಹಚ್ಚೆಯ ಚುಕ್ಕೆಗಳಿದ್ದವು. ಮಾಯ. ಕೆನ್ನೆಯ ಮೇಲೆ ಮೈಲಿಯ, ಅಂದರೆ ಸಿಡುಬಿನ, ಕಲೆಗಳಿದ್ದವು, ಅವೂ ಮಾಯ. ಕೆನ್ನೆ ಸೋಪಿನ ಜಾಹೀರಾತಿನ ಕೆನ್ನೆಯಾಗಿತ್ತು. ಮೇಲ್ಗಿವಿಯ ಬುಗುಡಿ ಕೂದಲಿನಲ್ಲಿ ಕರಗಿಹೋಗಿತ್ತು. ಒಂದು ಕಣ್ಣು ಚೂರು ಮೆಳ್ಳೆ ಇದ್ದದ್ದು ನೆಟ್ಟಗಾಗಿತ್ತು. ಬಿಗಿದುಕೊಂಡಿದ್ದ ತುಟಿಯಲ್ಲಿ ಸಣ್ಣದೊಂದು ನಗೆ ಬಂದು ಕೂತಿತ್ತು. ಅಜ್ಜನ ರುಮಾಲು ಮದುವೆ ಗಂಡಿನ ಪೇಟವಾಗಿತ್ತು. ಅದಕ್ಕೆ ಬೇಕಾದರೆ ನಕ್ಕು ಸುಮ್ಮನಾಗಬಹುದು. ಅಂಗಡಿಯವನನ್ನು ಕೇಳಿದರೆ ಹೆಮ್ಮೆಯಿಂದಲೇ ಹೇಳಿದ: “ಮುಖದ ಮ್ಯಾಲಿನ ಕಲಿ ಎಲ್ಲಾ ತಗದೀವಲ್ರಿ ಸರ್ರ!”

ಇದಿಷ್ಟೇ ಆಗಿದ್ದರೆ ಹಾಳಾಗಿ ಹೋಗಲಿ, ಮೂಲ ಫೋಟೋ ಇದೆಯಲ್ಲ ಅನ್ನಬಹುದಿತ್ತು. ಹಳೆಯ ಮನೆ ಸೋರುತ್ತಿದ್ದ ಕಾಲಕ್ಕೆ ಆ ಫೋಟೋ ತೇವ ಕುಡಿದು ಗಾಜಿಗೆ ಕಚ್ಚಿಕೊಂಡಿತ್ತು. ಅಂಗಡಿಯವರು ಅದನ್ನು ಗಾಜಿನಿಂದ ಎಳೆದು ಬಿಡಿಸಿದ್ದಾರೆ. ಅಜ್ಜಿಯ ಹಣೆಯಿಂದ ಮೂಗಿನವರೆಗಿನ ಪದರು ಗಾಜಿನ ಮೇಲೆ ಉಳಿಯಿತು, ಹಾಳೆ ಬೆಳ್ಳಗೆ ಹೊರಬಂತು. ಎಳೆಯುವ ಮೊದಲು ಸ್ಕ್ಯಾನ್ ಮಾಡಿದ್ದೀರಾ ಅಂದರೆ, ಇಲ್ಲ. ಕೆಲಸದ ಹುಡುಗ ಮೊಬೈಲಿನಲ್ಲಿ ಒಂದು ಫೋಟೋ ಹೊಡೆದು ಮಾಲೀಕನಿಗೆ ವಾಟ್ಸಾಪ್ ಮಾಡಿದ್ದ, ಟ್ಯೂಬ್‌ಲೈಟಿನ ಪ್ರತಿಬಿಂಬದ ಸಮೇತ. ಅದನ್ನೇ ಯಂತ್ರಕ್ಕೆ ತಿನ್ನಿಸಿದ್ದಾರೆ. ಈಗ ಅಜ್ಜಿಯ ನಿಜವಾದ ಮುಖ ಇರುವುದು ಆ ವಾಟ್ಸಾಪ್ ಫೋಟೋದಲ್ಲಿ ಮಾತ್ರ.

ಇಂಥ ಯಂತ್ರ ಒಳಗೆ ಏನು ಮಾಡುತ್ತದೆ ಅಂತ ಬೋರ್ಡಿನಲ್ಲಿ ಯಾರೂ ಬರೆಯುವುದಿಲ್ಲ. ಮಸುಕಾದ ಫೋಟೋದಲ್ಲಿ ಇಲ್ಲದ ವಿವರವನ್ನು ಯಾವ ಸಾಫ್ಟ್‌ವೇರೂ ಹೊರಗೆ ತೆಗೆಯಲಾರದು. ಸಾವಿರಾರು ಮುಖಗಳನ್ನು ನೋಡಿ ಕಲಿತ ಲೆಕ್ಕದಿಂದ, ಈ ಜಾಗದಲ್ಲಿ ಸಾಮಾನ್ಯವಾಗಿ ಇಂಥ ಕಣ್ಣು, ಇಂಥ ಚರ್ಮ ಇರುತ್ತದೆ ಅಂತ ಊಹಿಸಿ ಹೊಸದಾಗಿ ಬರೆಯುತ್ತದೆ. ದಾರಿ ಕೇಳಿದರೆ ಗೊತ್ತಿಲ್ಲ ಅನ್ನಲು ನಾಚಿ ಯಾವುದೋ ದಿಕ್ಕಿಗೆ ಕೈತೋರಿಸುವ ಮನುಷ್ಯನ ಜಾತಿ ಅದು. 2021ರಲ್ಲಿ ಟೆನ್ಸೆಂಟ್ ಸಂಶೋಧಕರು ಹೊರತಂದ ಜಿಎಫ್‌ಪಿಗ್ಯಾನ್ ಎಂಬ ಮುಖ ತಿದ್ದುವ ಸಾಧನ ಬಹಳ ಹೆಸರು ಮಾಡಿತು. ಅದನ್ನು ತರಬೇತು ಮಾಡಿದ್ದು ಫ್ಲಿಕರ್‌ ತಾಣದಿಂದ ಆಯ್ದ 70,000 ಮುಖಗಳ ಮೇಲೆ. ನಮ್ಮ ಅಂಗಡಿಯವ ಯಾವ ಆ್ಯಪ್ ಬಳಸಿದನೋ ಬಾಯಿ ಬಿಡಲಿಲ್ಲ, ಆದರೆ ಯಾವುದೇ ಆದರೂ ಕಲಿತದ್ದು ಇಂಟರ್‌ನೆಟ್ಟಿನಲ್ಲಿ ಸಿಗುವ ಮುಖಗಳಿಂದ. ಗದ್ದಕ್ಕೆ ಹಚ್ಚೆ ಹಾಕಿಸಿಕೊಂಡ ಬಳ್ಳಾರಿ ಸೀಮೆಯ ಅಜ್ಜಿಯರು ಅಲ್ಲಿ ಎಷ್ಟು ಜನ ಸಿಕ್ಕಾರು? ಭಾರತದಲ್ಲಿ ಸಿಡುಬಿನ ಕೊನೆಯ ಪ್ರಕರಣ ಕಂಡದ್ದು 1975ರಲ್ಲಿ, ಡಿಜಿಟಲ್ ಕ್ಯಾಮೆರಾ ಜನರ ಕೈಗೆ ಬಂದದ್ದು ಅದೆಷ್ಟೋ ವರ್ಷಗಳ ಮೇಲೆ. ಹಾಗಾಗಿ ಮೈಲಿಯ ಕಲೆ ಯಂತ್ರದ ಕಣ್ಣಿಗೆ ಕಾಗದಕ್ಕೆ ಹಿಡಿದ ಬೂಷ್ಟು. ಒರೆಸಿ ಹಾಕಿತು. ಆ ಬೇನೆಯಿಂದ ಬದುಕಿ ಬಂದವಳ ಮುಖ ಅದು ಅನ್ನುವುದು ಅದಕ್ಕೆ ಹೇಗೆ ಗೊತ್ತಾಗಬೇಕು?

ಇದು ಹೊಸ ಸುದ್ದಿಯೂ ಅಲ್ಲ. 2020ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು ಪಲ್ಸ್ ಎಂಬ ಇಂಥದೇ ತಂತ್ರ ಪ್ರಕಟಿಸಿದಾಗ ಯಾರೋ ಬರಾಕ್ ಒಬಾಮರ ಚೌಕುಳಿಚೌಕುಳಿಯಾದ ಸಣ್ಣ ಫೋಟೋ ಹಾಕಿ ನೋಡಿದರು. ಹೊರಬಂದದ್ದು ಒಬ್ಬ ಬಿಳಿಯನ ಮುಖ. ಜಗತ್ತೆಲ್ಲ ಬಲ್ಲ ಮುಖದ ಗತಿಯೇ ಅದಾದರೆ ನಮ್ಮಜ್ಜಿ ಯಾವ ಲೆಕ್ಕ. 2023ರಲ್ಲಿ ಸ್ಯಾಮ್‌ಸಂಗ್ ಫೋನುಗಳ ಚಂದ್ರನ ಗಲಾಟೆ ಆಯಿತು, ನೆನಪಿರಬಹುದು. ಒಬ್ಬ ಬಳಕೆದಾರ ಬೇಕಂತಲೇ ಮಸುಕು ಮಾಡಿದ ಚಂದ್ರನ ಚಿತ್ರವನ್ನು ಕಂಪ್ಯೂಟರ್ ಪರದೆಯ ಮೇಲಿಟ್ಟು ದೂರದಿಂದ ಫೋಟೋ ತೆಗೆದರೆ, ಪರದೆಯ ಮೇಲೆ ಇಲ್ಲದ ಕುಳಿಗಳೆಲ್ಲ ಫೋನಿನಲ್ಲಿ ಮೂಡಿದವು. ಚಂದ್ರನಾದರೆ ನಡೆದೀತು, ಅವನು ಎಲ್ಲರಿಗೂ ಒಬ್ಬನೇ, ಸದಾ ಒಂದೇ ಮಗ್ಗುಲು ತೋರಿಸುವವನು. ಅಜ್ಜಿಯರು ಹಾಗಲ್ಲವಲ್ಲ.

ಇನ್ನೂ ಹಿಂದಿನದು 2013ರ ಝೆರಾಕ್ಸ್ ಪ್ರಸಂಗ. ಡೇವಿಡ್ ಕ್ರೀಸೆಲ್ ಎಂಬ ಜರ್ಮನ್ ಕಂಪ್ಯೂಟರ್ ತಜ್ಞ, ಝೆರಾಕ್ಸ್ ಕಂಪನಿಯ ಕೆಲವು ಯಂತ್ರಗಳು ಸ್ಕ್ಯಾನ್ ಮಾಡುವಾಗ ಅಂಕಿಗಳನ್ನೇ ಬದಲಿಸುತ್ತವೆ ಅಂತ ತೋರಿಸಿಕೊಟ್ಟ. 6 ಇದ್ದಲ್ಲಿ 8. ಫೈಲಿನ ಗಾತ್ರ ಇಳಿಸಲು ಒಂದೇ ಥರ ಕಾಣುವ ಅಕ್ಷರಗಳಿಗೆ ಒಂದೇ ಚಿತ್ರವನ್ನು ಅಂಟಿಸುವ ವಿಧಾನದ ಎಡವಟ್ಟು ಅದು. ಅಕ್ಷರ ಸ್ಫುಟವಾಗಿಯೇ ಬರುತ್ತಿತ್ತು, ಅದಕ್ಕೇ ಯಾರಿಗೂ ಅನುಮಾನ ಬರಲಿಲ್ಲ.

ನನಗೆ ಕೋಪ ಬರುವುದು ಇಲ್ಲೇ. ಸ್ಪೇನ್ ದೇಶದ ಬೋರ್ಹಾ ಎಂಬ ಊರಿನ ಕ್ರಿಸ್ತನ ಭಿತ್ತಿಚಿತ್ರದ ಕಥೆ 2012ರಲ್ಲಿ ಲೋಕವೆಲ್ಲ ಓಡಾಡಿತ್ತು. ಎಲಿಯಾಸ್ ಗಾರ್ಸಿಯಾ ಮಾರ್ಟಿನೆಜ್ ಬರೆದಿದ್ದ ಚಿತ್ರ ಗೋಡೆಯ ಮೇಲೆ ಉದುರುತ್ತಿತ್ತು. ಸಿಸಿಲಿಯಾ ಹಿಮೆನೆಜ್ ಎಂಬ ವೃದ್ಧೆ ಭಕ್ತಿಯಿಂದ ತಾನೇ ಕುಂಚ ಹಿಡಿದು ತಿದ್ದಲು ಹೋದಳು. ಕ್ರಿಸ್ತನ ಮುಖ ಮಂಗನ ಮುಖವಾಯಿತು ಅಂತ ಜನ ಬಿದ್ದುಬಿದ್ದು ನಕ್ಕರು, ಆಮೇಲೆ ಅದನ್ನೇ ನೋಡಲು ಟಿಕೆಟ್ ಕೊಟ್ಟು ಬಂದರು. ಆ ಮುದುಕಿಯ ಕೆಲಸದಲ್ಲಿ ಒಂದು ಪ್ರಾಮಾಣಿಕತೆ ಇತ್ತು: ಕೆಟ್ಟಿದೆ ಅಂತ ಕುರುಡನಿಗೂ ತಿಳಿಯುತ್ತಿತ್ತು. ಈ ಏಐ ಕೆಲಸ ಕೆಟ್ಟದ್ದು ಅಂತ ಗೊತ್ತಾಗಲು ಆ ಮುಖವನ್ನು ಕಂಡುಂಡವರು ಬದುಕಿರಬೇಕು. ನನ್ನ ಮಾವನ ಮಕ್ಕಳು ಅಜ್ಜಿಯನ್ನು ನೋಡಿದವರಲ್ಲ. ಅವರ ಪಾಲಿಗೆ ಅಜ್ಜಿ ಅಂದರೆ ಇನ್ನು ಈಕೆಯೇ. ಆಗಲೇ ಸ್ಟೇಟಸ್‌ಗೂ ಹಾಕಿಕೊಂಡಿದ್ದಾರೆ.

ಟಿವಿಗಳಲ್ಲಿ, ರೀಲ್ಸ್‌ಗಳಲ್ಲಿ ಇದನ್ನು ತೋರಿಸುವ ವರಸೆ ನೋಡಿ. 2021ರಲ್ಲಿ ಮೈಹೆರಿಟೇಜ್ ಎಂಬ ಕಂಪನಿ ಸತ್ತವರ ಫೋಟೋ ಕಣ್ಣು ಮಿಟುಕಿಸುವಂತೆ ಮಾಡಿದಾಗ ಎಲ್ಲರೂ ಕಣ್ಣೀರಿಟ್ಟರು. 2025ರ ಮಾರ್ಚಿನಲ್ಲಿ ತಮ್ಮ ಫೋಟೋವನ್ನು ಜಪಾನಿ ಕಾರ್ಟೂನಿನಂತೆ ಮಾಡಿಸಿಕೊಳ್ಳುವ ಜಿಬ್ಲಿ ಹುಚ್ಚು, ಸೆಪ್ಟೆಂಬರಿನಲ್ಲಿ ಗೂಗಲ್‌ನ ನ್ಯಾನೋ ಬನಾನಾ ಎಂಬ ಏಐಯಲ್ಲಿ ಫೋಟೋಗೆ ಸೀರೆ ಉಡಿಸಿಕೊಳ್ಳುವ ಹುಚ್ಚು. ಅವು ಆಟ, ಆಡಿಕೊಳ್ಳಲಿ. ಸೀರೆ ಉಟ್ಟವರ ಮುಖ ಅವರ ಹತ್ತಿರವೇ ಇದೆ, ಕನ್ನಡಿ ನೋಡಿದರೆ ಮುಗಿಯಿತು. ಆಟದ ಸಾಮಾನನ್ನೇ ತಂದು ಸತ್ತವರ ಮುಖ ತಿದ್ದುವ ಕೆಲಸಕ್ಕೆ ಹಚ್ಚುತ್ತಿರುವಾಗ ಒಬ್ಬ ಆ್ಯಂಕರೂ ಅಡ್ಡ ಪ್ರಶ್ನೆ ಕೇಳುವುದಿಲ್ಲ.

ಹಾಗಂತ ಹಳೆಯದಕ್ಕೆ ಕೈಯೇ ಹಚ್ಚಬಾರದು ಅನ್ನುವ ಮಡಿವಂತನಲ್ಲ ನಾನು. 1971ರ ಕಸ್ತೂರಿ ನಿವಾಸ 2014ರಲ್ಲಿ ಬಣ್ಣದಲ್ಲಿ ಮತ್ತೆ ಬಂದಾಗ ಥಿಯೇಟರಿಗೆ ಹೋಗಿ ನೋಡಿದ್ದೇನೆ. ಬಣ್ಣ ಅಲ್ಲಲ್ಲಿ ಅತಿ ಅನ್ನಿಸಿದ್ದು ನಿಜ, ಆದರೆ ಪರದೆಯ ಮೇಲಿದ್ದದ್ದು ರಾಜ್‌ಕುಮಾರ್ ಅವರದೇ ಮೂಗು, ಅವರದೇ ಕಣ್ಣು. ಇರುವ ಮುಖಕ್ಕೆ ಬಣ್ಣ ಹಚ್ಚುವುದು ಒಂದು, ಬೇರೆ ಮುಖ ತಂದು ಕೂರಿಸುವುದು ಇನ್ನೊಂದು.

ನಮ್ಮ ಕಡೆಯದೇ ಒಂದು ಉದಾಹರಣೆ ಕೊಡುತ್ತೇನೆ. ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ 1856ರಲ್ಲಿ ಹಂಪಿಯ ಫೋಟೋಗಳನ್ನು ತೆಗೆದ, ಮೇಣ ಸವರಿದ ಕಾಗದದ ನೆಗೆಟಿವ್‌ಗಳಲ್ಲಿ. ಅವನ ಫೋಟೋದಲ್ಲಿ ವಿಠ್ಠಲ ಗುಡಿಯ ಕಲ್ಲಿನ ರಥದ ಮೇಲೆ ಇಟ್ಟಿಗೆಯ ಗೋಪುರವಿದೆ. ಈಗಿಲ್ಲ, ಆಮೇಲೆ ತೆಗೆದುಹಾಕಿದರು. ಐವತ್ತು ರೂಪಾಯಿ ನೋಟಿನ ಹಿಂದೆ ಇರುವುದು ಗೋಪುರವಿಲ್ಲದ ರಥ, ಪ್ರವಾಸಿಗರು ದಿನಾ ಇಂಟರ್‌ನೆಟ್ಟಿಗೆ ಏರಿಸುವುದೂ ಅದನ್ನೇ. ಗ್ರೀನ್‌ಲಾನ ಆ ಫೋಟೋದ ಮಸುಕು ಪ್ರತಿಯೊಂದನ್ನು ಇದೇ ಅಂಗಡಿಗೆ ಕೊಟ್ಟರೆ ಇಟ್ಟಿಗೆ ಗೋಪುರವೂ ‘ಕಲೆ’ ಅಂತ ಹಾರಿಹೋದರೆ ನನಗೇನೂ ಆಶ್ಚರ್ಯವಿಲ್ಲ. ಗೋಪುರವಿತ್ತು ಅನ್ನುವುದಕ್ಕೆ ಆ ಫೋಟೋ ಸಾಕ್ಷಿ. ಹಚ್ಚೆ ಇತ್ತು ಅನ್ನುವುದಕ್ಕೆ ನಮ್ಮ ಫೋಟೋ ಸಾಕ್ಷಿಯಾಗಿತ್ತು.

ಈಗ ಮಾಡಿಸಲೇಬೇಕು ಅನ್ನುವವರಿಗೆ ನಾಲ್ಕು ಮಾತು. ಮೊದಲು ಸ್ಕ್ಯಾನ್, ಉಳಿದದ್ದೆಲ್ಲ ಆಮೇಲೆ. 600 ಡಿಪಿಐಗೆ (ಸ್ಕ್ಯಾನ್ ಎಷ್ಟು ಸೂಕ್ಷ್ಮ ಅನ್ನುವ ಅಳತೆ) ಕಡಿಮೆ ಬೇಡ, ಪಾಸ್‌ಪೋರ್ಟ್ ಗಾತ್ರದ ಸಣ್ಣ ಫೋಟೋ ಆದರೆ 1200 ಇರಲಿ, ಫೈಲು ವಿವರ ಕಳೆಯದ ಟಿಫ್ ರೂಪದಲ್ಲಿ ಕೇಳಿ. ಎದುರಿಗೆ ನಿಂತು ಮಾಡಿಸಿ, ಪೆನ್‌ಡ್ರೈವ್‌ಗೆ ಹಾಕಿಸಿಕೊಂಡು, ಮೂಲ ಫೋಟೋ ಅಲ್ಲೇ ವಾಪಸ್ ಇಸಕೊಳ್ಳಿ. ಅಂಗಡಿಯಲ್ಲಿ ಒಂದು ರಾತ್ರಿಯೂ ಅದು ಉಳಿಯಬೇಕಾದ ಕಾರಣವೇ ಇಲ್ಲ. ವಾಟ್ಸಾಪ್‌ನಲ್ಲಿ ಕಳಿಸಲೇಬೇಕಾಗಿ ಬಂದರೆ ಡಾಕ್ಯುಮೆಂಟ್ ಅಂತ ಕಳಿಸಿ. ಫೋಟೋ ಅಂತ ಕಳಿಸಿದರೆ ಅದು ಹಿಂಡಿ ಸಣ್ಣದು ಮಾಡಿಬಿಡುತ್ತದೆ, ಹಚ್ಚೆಯಂಥ ಸೂಕ್ಷ್ಮ ವಿವರ ಮೊದಲು ಹೋಗುವುದೇ ಆಗ.

ಆಮೇಲೆ, ಏನು ಮಾಡಬೇಕು ಅನ್ನುವುದನ್ನು ಬಾಯಲ್ಲಿ ಹೇಳಿ ಬರಬೇಡಿ, ಬಿಲ್ಲಿನ ಮೇಲೆ ಬರೆಸಿ: ಗೀರು, ಧೂಳು, ಮಡಿಕೆ ತೆಗೆಯುವುದು, ಮಾಸಿದ್ದನ್ನು ಗಾಢ ಮಾಡುವುದು, ಇಷ್ಟೇ. ಮುಖಕ್ಕೆ ಏಐ ಬೇಡ. ಬಟ್ಟೆ, ಹಿಂದಿನ ಪರದೆ ಏನಾದರೂ ಮಾಡಿಕೊಳ್ಳಲಿ. ಫೋಟೋಶಾಪ್‌ನಲ್ಲಿ ಕೈಯಿಂದಲೇ ತಿದ್ದುವ ಹಳೆಯ ಸ್ಟುಡಿಯೋದವರು ನಮ್ಮ ಊರುಗಳಲ್ಲಿ ಇನ್ನೂ ಇದ್ದಾರೆ. ದುಡ್ಡು ಜಾಸ್ತಿ ಕೇಳುತ್ತಾರೆ, ದಿನ ಹಿಡಿಯುತ್ತದೆ, ಕೊಡಿ. ಪ್ರಿಂಟ್ ಹಾಕುವ ಮೊದಲು ಆ ಮುಖವನ್ನು ಬಲ್ಲ ಹಿರಿಯರೊಬ್ಬರಿಗೆ ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟು ತೋರಿಸಿ. ಅವರು ಹೂಂ ಅಂದ ಮೇಲೆ ಚೌಕಟ್ಟು.

ಹಣದ ವಿಚಾರ. ಅಂಗಡಿಯವ ಮಾವನಿಗೆ ಬಿಲ್ ಕೊಟ್ಟಿರಲಿಲ್ಲ, ಹಾಗಾಗಿ ನಮ್ಮ ವಾದ ಬರೀ ಬಾಯಿಮಾತಿನ ಜಗಳವಾಯಿತು. ಅರ್ಧ ದುಡ್ಡು ವಾಪಸ್ ಕೊಡುತ್ತೇನೆ ಅಂದ, ಅವ್ವ ಬೇಡ ಅಂದಳು. ನಿಮಗೆ ಹೀಗಾದರೆ ದಾರಿ ಇದೆ: 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ, ಅಂಗಡಿ ಬಳ್ಳಾರಿಯಲ್ಲಿದ್ದರೂ ಗಂಗಾವತಿಯವರು ಕೊಪ್ಪಳದ ಜಿಲ್ಲಾ ಗ್ರಾಹಕ ಆಯೋಗದಲ್ಲೇ, ಸಿಂಧನೂರಿನವರು ರಾಯಚೂರಿನಲ್ಲೇ ದೂರು ಕೊಡಬಹುದು. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ಆದರೆ ಕೈಯಲ್ಲಿ ಬಿಲ್ ಇರಬೇಕು, ಕೊಡುವಾಗ ಫೋಟೋ ಯಾವ ಸ್ಥಿತಿಯಲ್ಲಿತ್ತು ಅನ್ನುವುದು ಅದರ ಮೇಲೆ ಇದ್ದರೆ ಇನ್ನೂ ಒಳ್ಳೆಯದು.

ಏಐ ಫೋಟೋ ಈಗಾಗಲೇ ಮಾಡಿಸಿ ಗೋಡೆಗೆ ಹಾಕಿದವರು ಕಿತ್ತೆಸೆಯಬೇಕು ಅಂತಿಲ್ಲ. ಹಿಂದುಗಡೆ ಪೆನ್ನಿನಲ್ಲಿ ಬರೆದಿಡಿ, ಇದು ಕಂಪ್ಯೂಟರ್ ಮಾಡಿದ್ದು, ಮೂಲ ಇಂಥವರ ಹತ್ತಿರ ಇದೆ ಅಂತ. ಮೂಲವನ್ನು ಮಾತ್ರ ಅದರ ಹಿಂದೆ ತುರುಕಿ ಮೊಳೆ ಹೊಡೆಯಬೇಡಿ.

ಕೊನೆಗೆ ಗಾಜು. ಹಳೆಯ ಫೋಟೋದ ಮೇಲ್ಪದರು ಜೆಲಾಟಿನ್, ತೇವ ಸಿಕ್ಕರೆ ಉಬ್ಬಿ ಗಾಜಿಗೆ ಅಂಟುತ್ತದೆ. ಚೌಕಟ್ಟಿನಲ್ಲಿ ಎಲ್ಲಾದರೂ ಒದ್ದೆಯಾದಂತೆ ಹೊಳೆಯುವ ಮಚ್ಚೆ ಕಂಡರೆ ಅಲ್ಲಿ ಅಂಟಿದೆ ಅಂತಲೇ ತಿಳಿಯಿರಿ. ಬಿಡಿಸಲು ಹೋಗಬೇಡಿ, ಯಾರಿಗೂ ಬಿಡಬೇಡಿ. ಗಾಜಿನ ಸಮೇತವೇ ಸ್ಕ್ಯಾನ್ ಆಗುತ್ತದೆ. ಆಗದಿದ್ದರೆ ಬೆಳಗಿನ ಹೊತ್ತು ಕಿಟಕಿಯ ಪಕ್ಕ, ಬೆಳಕು ಓರೆಯಾಗಿ ಬೀಳುವಂತೆ ಇಟ್ಟು, ಪ್ರತಿಬಿಂಬ ಬೀಳದ ಹಾಗೆ ಕ್ಯಾಮೆರಾ ಹಿಂದೆ ಕಪ್ಪು ಬಟ್ಟೆ ಹಿಡಿದು ಫೋಟೋ ತೆಗೆಸಿ. “ಕಿತ್ತು ಕೊಡ್ತೀವ್ರಿ, ಏನಾಗಂಗಿಲ್ಲ” ಅಂತ ಅಂಗಡಿಯವ ಕೈ ಹಾಕಿದರೆ ಚೌಕಟ್ಟು ಕಂಕುಳಲ್ಲಿ ಇಟ್ಟುಕೊಂಡು ಸೀದಾ ಬಸ್ ಹತ್ತಿ.