ಲಿಜ್ಜಿ ಬೋರ್ಡೆನ್ ಊರಿನಲ್ಲಿ: ಮನೆ, ಮ್ಯೂಸಿಯಂ, ರಾತ್ರಿ ವಾಕ್, ಸಮಾಧಿ. ಯಾವುದಕ್ಕೆ ಹೋಗಬೇಕು?

ಬಾಸ್ಟನ್‌ನಿಂದ ದಕ್ಷಿಣಕ್ಕೆ ಕಾರಲ್ಲಿ ಒಂದು ಗಂಟೆ ಹೋದರೆ ಫಾಲ್ ರಿವರ್ ಸಿಗುತ್ತದೆ. ಒಂದು ಕಾಲಕ್ಕೆ ಹತ್ತಿ ಗಿರಣಿಗಳಿಗೆ ಹೆಸರಾದ ಊರು. ಬೂದು ಗ್ರಾನೈಟ್ ಕಲ್ಲಿನ ಆ ದೊಡ್ಡ ಗಿರಣಿಗಳು ಈಗಲೂ ನಿಂತಿವೆ. ಆದರೆ ನಮ್ಮ ಕಡೆಯ ಕನ್ನಡದವರು ಈ ಊರಿನ ಹೆಸರು ಕೇಳಿರೋದು ಬೇರೆ ಕಾರಣಕ್ಕೆ. 1892ರ ಆಗಸ್ಟ್ 4, ಗುರುವಾರ ಬೆಳಗ್ಗೆ ಇಲ್ಲಿನ ಸೆಕೆಂಡ್ ಸ್ಟ್ರೀಟ್‌ನ ಒಂದು ಮನೆಯಲ್ಲಿ ಗಂಡ ಹೆಂಡತಿ ಇಬ್ಬರನ್ನೂ ಯಾರೋ ಕೊಡಲಿಯಿಂದ ಕೊಚ್ಚಿ ಕೊಂದರು.

ಸತ್ತವರು ಆಂಡ್ರ್ಯೂ ಬೋರ್ಡೆನ್, 69 ವರ್ಷ, ಬ್ಯಾಂಕು, ಬಾಡಿಗೆ ಕಟ್ಟಡ ಎಲ್ಲ ಇದ್ದ ಹಣವಂತ. ಮತ್ತೆ ಅವನ ಎರಡನೇ ಹೆಂಡತಿ ಆಬಿ, 64 ವರ್ಷ. ಮೊದಲ ಹೆಂಡತಿಯ ಮಗಳು ಲಿಜ್ಜಿಗೆ ಆಗ 32. ಕೊಲೆಯ ಆರೋಪ ಬಂದದ್ದು ಅವಳ ಮೇಲೆ. 1893ರ ಜೂನ್‌ನಲ್ಲಿ ಪಕ್ಕದ ನ್ಯೂ ಬೆಡ್‌ಫರ್ಡ್‌ನಲ್ಲಿ ವಿಚಾರಣೆ ನಡೆಯಿತು. ಹನ್ನೆರಡು ಜನ ಗಂಡಸರ ಜ್ಯೂರಿ ಸುಮಾರು ಒಂದೂವರೆ ಗಂಟೆಯಲ್ಲಿ ಅವಳನ್ನು ನಿರ್ದೋಷಿ ಎಂದಿತು. ಆಮೇಲೆ ಬೇರೆ ಯಾರ ಮೇಲೂ ಕೇಸು ನಡೆಯಲಿಲ್ಲ. ಅಷ್ಟೇ ಕಥೆ. ಆದರೆ 130 ವರ್ಷ ದಾಟಿದರೂ ಮುಗಿದಿಲ್ಲ.

ಈಚೆಗಂತೂ ಆಸಕ್ತಿ ಇನ್ನೂ ಜಾಸ್ತಿ ಆಗಿದೆ. ಲಿಜ್ಜಿಯ ವಕೀಲ ಆಂಡ್ರ್ಯೂ ಜೆನ್ನಿಂಗ್ಸ್ ಬರೆದಿಟ್ಟಿದ್ದ ಎರಡು ನೋಟ್‌ಬುಕ್ 2012ರಲ್ಲಿ ಊರಿನ ಇತಿಹಾಸ ಸಂಘದ ಕೈಗೆ ಬಂದವು. 2021ರಲ್ಲಿ ಕೊಲೆ ನಡೆದ ಮನೆ ಮಾರಾಟಕ್ಕೆ ಬಂದಾಗ ಕೇಳಿದ ಬೆಲೆ 20 ಲಕ್ಷ ಡಾಲರ್. ಆಗಸ್ಟ್ 4ಕ್ಕೆ ಆ ಮನೆಯಲ್ಲೇ ಅವತ್ತಿನ ಘಟನೆಯನ್ನು ಆಡಿ ತೋರಿಸುವ ರೂಢಿಯೂ ಬೆಳೆದಿತ್ತು. ಊರಿನಿಂದ ಅಪ್ಪ ಅಮ್ಮ, ಅತ್ತೆ ಮಾವ ಬಂದಾಗ "ಅಲ್ಲಿಗೆ ಕರ್ಕೊಂಡು ಹೋಗಬಹುದಾ, ಏನೇನು ನೋಡಬೇಕು" ಅಂತ ಗೆಳತಿಯರು ನನ್ನನ್ನು ಕೇಳುತ್ತಲೇ ಇರುತ್ತಾರೆ. ನಾನು ಮೂರು ಸಲ ಹೋಗಿ ಬಂದಿದ್ದೇನೆ. ಕೊನೆಯ ಸಲ ಶಿವಮೊಗ್ಗದಿಂದ ಬಂದಿದ್ದ ನನ್ನ ಅತ್ತೆಯೂ ಜೊತೆಗಿದ್ದರು. ಹಾಗಾಗಿ ಒಂದೇ ಸಲ ವಿವರವಾಗಿ ಬರೆದುಬಿಡುತ್ತೇನೆ.

ಮೊದಲು ಮನೆ. ಆಗ ಅದರ ನಂಬರ್ 92, ಈಗ 230. ಬೀದಿಗೆ ಅಂಟಿಕೊಂಡಿರುವ ಇಕ್ಕಟ್ಟಾದ ಮರದ ಮನೆ. 1996ರಿಂದ ರಾತ್ರಿ ಉಳಿಯಲು ಕೋಣೆ ಬಾಡಿಗೆಗೆ ಕೊಡುತ್ತಿದ್ದಾರೆ. ಹಗಲಲ್ಲಿ ಗೈಡ್ ಜೊತೆ ಮನೆ ಸುತ್ತಬಹುದು. ನಾನು ಎರಡು ಸಲ ಸುತ್ತಿದ್ದೇನೆ. ರಾತ್ರಿ ಉಳಿದಿಲ್ಲ, ಉಳಿಯುವ ಮನಸ್ಸೂ ಇಲ್ಲ. ಯಾರೋ ಸತ್ತ ಕೋಣೆಯಲ್ಲಿ ನಿದ್ದೆ ಮಾಡೋದು ನನಗೆ ಸರಿ ಕಾಣಲಿಲ್ಲ.

ಒಳಗೆ ಕಾಲಿಟ್ಟ ಕೂಡಲೇ ತಿಳಿಯೋದು, ಮನೆ ಎಷ್ಟು ಚಿಕ್ಕದು ಅಂತ. ನಡುಮನೆಗೂ ಊಟದ ಕೋಣೆಗೂ ಅಡುಗೆಮನೆಗೂ ನಡುವೆ ಓಣಿ ಅಂತ ಇಲ್ಲ. ಒಂದು ಕೋಣೆ ದಾಟಿಯೇ ಇನ್ನೊಂದಕ್ಕೆ ಹೋಗಬೇಕು. ಮಹಡಿಯಲ್ಲಂತೂ ವಿಚಿತ್ರ. ಮುಂದಿನ ಅರ್ಧ ಹೆಣ್ಣುಮಕ್ಕಳದು, ಅಂದರೆ ಲಿಜ್ಜಿ ಮತ್ತು ಅವಳ ಅಕ್ಕ ಎಮ್ಮಾಳದು, ಹಿಂದಿನ ಅರ್ಧ ಅಪ್ಪ ಮತ್ತು ಚಿಕ್ಕಮ್ಮನದು. ನಡುವಿನ ಬಾಗಿಲಿಗೆ ಈ ಕಡೆ ಕೊಂಡಿ, ಆ ಕಡೆ ಚಿಲಕ. ದೊಡ್ಡವರು ಮಲಗುವ ಕೋಣೆಗೆ ಹೋಗಲು ಹಿಂದಿನ ಮೆಟ್ಟಿಲನ್ನೇ ಹತ್ತಬೇಕಿತ್ತು. ಕೊಲೆಗೆ ಒಂದು ವರ್ಷ ಮೊದಲು ಮನೆಯಲ್ಲಿ ಕಳ್ಳತನ ಆಗಿತ್ತು. ಆಮೇಲೆ ಆಂಡ್ರ್ಯೂ ತನ್ನ ಕೋಣೆಗೆ ಬೀಗ ಹಾಕಿ, ಕೀಲಿಕೈಯನ್ನು ಎಲ್ಲರ ಕಣ್ಣಿಗೆ ಬೀಳುವ ಹಾಗೆ ನಡುಮನೆಯ ಬೆಂಕಿಗೂಡಿನ ಮೇಲೆ ಇಡುತ್ತಿದ್ದ. ಯಾರನ್ನು ಅನುಮಾನಿಸಿ ಹಾಗೆ ಮಾಡಿದ ಅಂತ ಬಾಯಿ ಬಿಟ್ಟು ಹೇಳಬೇಕಾಗಿರಲಿಲ್ಲ ಅಲ್ವಾ?

ಈ ಮನೆಗೆ ಹೋದವರು ತಪ್ಪದೆ ನೋಡಬೇಕಾದ್ದು ಮುಂದಿನ ಮೆಟ್ಟಿಲು. ಹತ್ತುತ್ತಾ ಹೋಗಿ, ನಿಮ್ಮ ಕಣ್ಣು ಮಹಡಿಯ ನೆಲದ ಮಟ್ಟಕ್ಕೆ ಬಂದಾಗ ನಿಂತುಬಿಡಿ. ಎಡಕ್ಕೆ ತಿರುಗಿದರೆ ಅತಿಥಿ ಕೋಣೆಯ ಬಾಗಿಲು. ಬಾಗಿಲಿನೊಳಗೆ ಮಂಚ. ಮಂಚದ ಕೆಳಗಿಂದ ಆಚೆ ಬದಿಯ ನೆಲ ಕಾಣುತ್ತದೆ. ಆಬಿ ಬಿದ್ದಿದ್ದು ಅಲ್ಲೇ. ಪಕ್ಕದ ಮನೆಯ ಮಿಸೆಸ್ ಚರ್ಚಿಲ್ ಅವತ್ತು ಅವಳನ್ನು ಕಂಡದ್ದು ಇದೇ ಮೆಟ್ಟಿಲಿನಿಂದ. ಆಬಿ ಸತ್ತದ್ದು ಸುಮಾರು ಒಂಬತ್ತೂವರೆಗೆ. ಆಂಡ್ರ್ಯೂ ಪೇಟೆಯಿಂದ ಮನೆಗೆ ಬಂದದ್ದು ಹತ್ತೂಮುಕ್ಕಾಲಿಗೆ. ಅವನು ಬಂದಾಗ ಮುಂಬಾಗಿಲು ತೆಗೆದವಳು ಕೆಲಸದ ಹುಡುಗಿ ಬ್ರಿಜೆಟ್ ಸಲ್ಲಿವನ್. ಬೀಗ ಬೇಗ ತೆರೆಯಲಿಲ್ಲ, ಅವಳು ಬೇಜಾರಿನಿಂದ ಏನೋ ಅಂದಳು. ಆಗ ಮಹಡಿಯ ಕಡೆಯಿಂದ ಲಿಜ್ಜಿ ನಕ್ಕಿದ್ದು ಕೇಳಿಸಿತು ಅಂತ ಕೋರ್ಟಿನಲ್ಲಿ ಸಾಕ್ಷಿ ಹೇಳಿದಳು. ಈ ವಾಕ್ಯವನ್ನು ನಾನು ಎಷ್ಟೋ ಸಲ ಓದಿದ್ದೆ. ಆ ಮೆಟ್ಟಿಲ ಮೇಲೆ ನಿಂತು, ಬಾಗಿಲಿನಿಂದ ಮಹಡಿಗೆ ಎಷ್ಟು ಹತ್ತಿರ ಅಂತ ಕಣ್ಣಾರೆ ಕಂಡಾಗ ಮೈ ತಣ್ಣಗಾಯಿತು.

ಕೊರತೆ ಏನು ಅಂದರೆ, ಮನೆಯೊಳಗಿನ ಸಾಮಾನು ಅವತ್ತಿನದಲ್ಲ. ಆಂಡ್ರ್ಯೂ ಸತ್ತ ಸೋಫಾ ಕೂಡ ಫೋಟೋ ನೋಡಿ ಮಾಡಿಸಿದ ಪ್ರತಿ. ಅದರ ಮೇಲೆ ಮಲಗಿ ಫೋಟೋ ತೆಗೆಸಿಕೊಳ್ಳುವವರನ್ನು ಕಂಡೆ. ದಯವಿಟ್ಟು ಬೇಡ. ಇನ್ನೊಂದು, ಗೈಡ್ ಬದಲಾದರೆ ಕೊಲೆಗಾರರೂ ಬದಲಾಗುತ್ತಾರೆ. ಒಬ್ಬರ ಮಾತಿನ ಓಟ ಲಿಜ್ಜಿ ಕಡೆಗಿತ್ತು, ಇನ್ನೊಬ್ಬರದು ಹಿಂದಿನ ರಾತ್ರಿ ಬಂದು ಉಳಿದಿದ್ದ ಸೋದರಮಾವ ಜಾನ್ ಮೋರ್ಸ್ ಕಡೆಗೆ. ಇಬ್ಬರೂ ಚೆನ್ನಾಗಿಯೇ ಹೇಳಿದರು. ಆದರೆ ಮೊದಲೇ ಸ್ವಲ್ಪ ತಿಳಿದುಕೊಂಡು ಹೋಗದಿದ್ದರೆ ಯಾವುದು ಸಾಕ್ಷಿ, ಯಾವುದು ಊಹೆ ಅಂತ ಬೇರೆ ಮಾಡೋದು ಕಷ್ಟ.

ಅದಕ್ಕೇ ಇತಿಹಾಸ ಸಂಘದ ಮ್ಯೂಸಿಯಂ ಬೇಕು. ರಾಕ್ ಸ್ಟ್ರೀಟ್‌ನಲ್ಲಿ, ಹಣವಂತರು ಇರುತ್ತಿದ್ದ ಗುಡ್ಡದ ಮೇಲೆ ಇದೆ. ಕಟ್ಟಡವೇ ಒಂದು ಕಥೆ. ಬೇರೆ ಬೀದಿಯಲ್ಲಿದ್ದ ಗ್ರಾನೈಟ್ ಬಂಗಲೆಯನ್ನು 1870ರ ಸುಮಾರಿಗೆ ಕಲ್ಲು ಕಲ್ಲು ಬಿಚ್ಚಿ ತಂದು ಇಲ್ಲಿ ಮತ್ತೆ ಕಟ್ಟಿದರು. ಲಿಜ್ಜಿ ಪ್ರಕರಣ ಇಲ್ಲಿನ ಒಂದು ಭಾಗ ಮಾತ್ರ. ಗಿರಣಿ ಮಾಲೀಕರ ಬದುಕು, ಬಟ್ಟೆ, ಪಿಂಗಾಣಿ ಎಲ್ಲ ನೋಡಿದ ಮೇಲೆ ಆ ಭಾಗಕ್ಕೆ ಬರುತ್ತೀರಿ. ನನಗೆ ಅದೇ ಸರಿ ಅನಿಸಿತು. ಇಷ್ಟು ದುಡ್ಡಿದ್ದ ಮನುಷ್ಯ ಗುಡ್ಡದ ಮೇಲೆ ಇರದೆ, ಅಂಗಡಿ ಗಲಾಟೆಯ ನಡುವೆ, ದೀಪಕ್ಕೆ ಸೀಮೆಎಣ್ಣೆ ಉರಿಸಿಕೊಂಡು ಯಾಕಿದ್ದ, ಮಗಳಿಗೆ ಅದು ಯಾಕೆ ಅಷ್ಟು ಉರಿಯುತ್ತಿತ್ತು ಅನ್ನೋದು ಈ ಬಂಗಲೆಯೊಳಗೆ ನಿಂತಾಗ ತಾನಾಗೇ ತಿಳಿಯುತ್ತದೆ.

ಇಲ್ಲಿ ಇರೋದೆಲ್ಲ ಅಸಲಿ. ಪೊಲೀಸರು ತೆಗೆಸಿದ ಫೋಟೋಗಳು. ಅತಿಥಿ ಕೋಣೆಯಲ್ಲಿದ್ದ ರಕ್ತದ ಕಲೆಯ ದಿಂಬಿನ ಹೊದಿಕೆ. ಮತ್ತೆ ಆ ಕೈಗೊಡಲಿ. ಮನೆಯ ನೆಲಮಾಳಿಗೆಯಲ್ಲಿ ಸಿಕ್ಕಿದ್ದು. ತಲೆ ಮಾತ್ರ ಇದೆ, ಕಾವು ಮುರಿದುಹೋಗಿದೆ. ನಾನು ಏನೋ ದೊಡ್ಡದು ಅಂದುಕೊಂಡಿದ್ದೆ. ತೆಂಗಿನಕಾಯಿ ಸುಲಿಯೋಕೆ, ಸೌದೆ ಸೀಳೋಕೆ ನಮ್ಮ ಹಿತ್ತಲಲ್ಲಿ ಬಿದ್ದಿರುವಷ್ಟೇ ಚಿಕ್ಕದು, ತುಕ್ಕು ಬಣ್ಣದ್ದು. ಅತ್ತೆ ಬಗ್ಗಿ ನೋಡಿದರು. "ಕೊಡಲಿ ಕಾವು ಕುಲಕ್ಕೆ ಸಾವು ಅಂತೀವಲ್ಲ, ಇಲ್ಲಿ ಕಾವೇ ಇಲ್ಲ ನೋಡು" ಅಂದರು. ನಿಜ. ಸರ್ಕಾರಿ ವಕೀಲರಿಗೂ ಅದೇ ತೊಡಕಾಯಿತು. ಕಾವಿನ ಮುರಿದ ಜಾಗ ಹೊಸದು ಅಂದರು, ರಕ್ತ ತೊಳೆದು ಬೂದಿ ಬಳಿದಿದ್ದಾರೆ ಅಂದರು. ಇದೇ ಆಯುಧ ಅಂತ ಸಾಬೀತು ಮಾಡಲು ಆಗಲಿಲ್ಲ.

ಲಿಜ್ಜಿ ಯಾಕೆ ಬಿಡುಗಡೆ ಆದಳು ಅನ್ನೋದು ಕಾಗದ ಪತ್ರಗಳಿಂದಲೇ ತಿಳಿಯೋದು. ಕೊಲೆಯ ಹಿಂದಿನ ದಿನ ಅವಳು ಔಷಧಿ ಅಂಗಡಿಯಲ್ಲಿ ಪ್ರುಸಿಕ್ ಆಸಿಡ್ ಎಂಬ ವಿಷ ಕೇಳಿದಳು ಅಂತ ಅಂಗಡಿಯವನು ಹೇಳಿದ್ದ. ನ್ಯಾಯಾಧೀಶರು ಆ ಸಾಕ್ಷಿಯನ್ನು ಜ್ಯೂರಿ ಮುಂದೆ ಬರಲು ಬಿಡಲಿಲ್ಲ. ಮೊದಲ ವಿಚಾರಣೆಯಲ್ಲಿ ಅವಳೇ ಕೊಟ್ಟ, ಒಂದಕ್ಕೊಂದು ತಾಳೆಯಾಗದ ಹೇಳಿಕೆಯನ್ನೂ ಬಿಡಲಿಲ್ಲ. ಕೊಲೆಯಾದ ಮೂರನೇ ದಿನ ಅವಳು ಒಂದು ಉಡುಪನ್ನು ಸುಡಲು ಒಲೆಯ ಬಳಿ ಹರಿಯುತ್ತಿದ್ದದ್ದನ್ನು ಗೆಳತಿ ಆಲಿಸ್ ರಸೆಲ್ ಕಣ್ಣಾರೆ ಕಂಡಿದ್ದಳು. ಬಣ್ಣ ಮೆತ್ತಿಕೊಂಡಿದ್ದ ಹಳೇ ಬಟ್ಟೆ ಅಂದರು, ಅಲ್ಲಿಗೆ ಮುಗಿಯಿತು. ಲಿಜ್ಜಿಯ ಪರ ನಿಂತ ಜಾರ್ಜ್ ರಾಬಿನ್ಸನ್ ರಾಜ್ಯದ ಮಾಜಿ ಗವರ್ನರ್. ಪೀಠದಲ್ಲಿದ್ದ ಮೂವರು ನ್ಯಾಯಾಧೀಶರಲ್ಲಿ ಒಬ್ಬರನ್ನು ಆ ಹುದ್ದೆಗೆ ತಂದವರೂ ಅವರೇ. ಇನ್ನೊಂದು ಕಡೆ, ಲಿಜ್ಜಿ ಮೈಮೇಲೆ ಯಾರಿಗೂ ಒಂದು ಹನಿ ರಕ್ತ ಕಾಣಲಿಲ್ಲ ಅನ್ನೋದೂ ಅಷ್ಟೇ ನಿಜ. ನಾನು ಜ್ಯೂರಿಯಲ್ಲಿದ್ದು, ಅವರ ಮುಂದೆ ಬಂದಷ್ಟೇ ನನ್ನ ಮುಂದೆಯೂ ಬಂದಿದ್ದರೆ, ಬಹುಶಃ ನಾನೂ ಬಿಡುಗಡೆ ಅಂತಲೇ ಹೇಳುತ್ತಿದ್ದೆ.

ಮ್ಯೂಸಿಯಂನವರು ಕೊಲೆಗಾರರು ಯಾರು ಅಂತ ಹೇಳೋದಿಲ್ಲ. ನಾನು ಕೇಳಿದೆ. ನಕ್ಕು, "ನಿಮಗೇನನ್ನಿಸುತ್ತೆ" ಅಂದರು. ಮಕ್ಕಳಿಗೆ ಇಲ್ಲಿ ಬೇಗ ಬೇಜಾರಾಗಬಹುದು. ಚಳಿಗಾಲದಲ್ಲಿ ಮುಚ್ಚಿರಬಹುದು, ಹೊರಡುವ ಮುನ್ನ ಒಂದು ಫೋನ್ ಮಾಡಿಬಿಡಿ.

ರಾತ್ರಿ ವಾಕ್ ಬಗ್ಗೆ ಹೆಚ್ಚು ಬರೆಯೋದಿಲ್ಲ. ಅಕ್ಟೋಬರ್‌ನಲ್ಲಿ ಒಮ್ಮೆ ಹೋಗಿದ್ದೆ. ನಡೆಸಿದವರು ಯಾರು ಅನ್ನೋದು ಬೇಡ. ದೆವ್ವ ಹತ್ತಿರ ಬಂದರೆ ಮಿಣುಕುತ್ತದೆ ಅಂತ ಒಂದು ಮೀಟರ್ ಕೈಗೆ ಕೊಟ್ಟರು. ಅದು ಮಿಣುಕಿದಾಗಲೆಲ್ಲ "ಆಬಿ ಬಂದಿದ್ದಾಳೆ" ಅಂದರು. ಲಿಜ್ಜಿ ಅಮ್ಮನಿಗೆ ನಲವತ್ತು ಏಟು, ಅಪ್ಪನಿಗೆ ನಲವತ್ತೊಂದು ಏಟು ಕೊಟ್ಟಳು ಅಂತ ಆ ಕಾಲದಿಂದ ಬಂದ ಮಕ್ಕಳ ಪದ್ಯವೊಂದಿದೆ. ಅದನ್ನೇ ನಿಜ ಅನ್ನೋ ಹಾಗೆ ಹೇಳಿದರು. ಆಬಿಗೆ ಬಿದ್ದ ಏಟು ಇಪ್ಪತ್ತನ್ನು ದಾಟಿಲ್ಲ, ಆಂಡ್ರ್ಯೂಗೆ ಹತ್ತೋ ಹನ್ನೊಂದೋ. ಅಷ್ಟೇ ಸಾಲದಾ? ಮೊಮ್ಮಗಳ ವಯಸ್ಸಿನವರು ತನ್ನನ್ನು ಮೀಟರ್ ಹಿಡಿದು ಕರೆಯುತ್ತಾರೆ ಅಂತ ಅವತ್ತು ನೆಂಟರಿಗಾಗಿ ಹಾಸಿಗೆ ಸರಿಮಾಡುತ್ತಿದ್ದ ಆ ಹೆಂಗಸು ಕನಸಲ್ಲೂ ನೆನೆಸಿರಲಿಕ್ಕಿಲ್ಲ. ನನಗೆ ಹಿಂಸೆ ಆಯಿತು. ಹರೆಯದ ಮಕ್ಕಳು ಖುಷಿ ಪಟ್ಟರು, ಅದನ್ನೂ ಹೇಳಬೇಕು. ಆದರೆ ಪ್ರಕರಣ ತಿಳಿಯೋಕೆ ಅಂತ ಹೋಗುವವರಿಗೆ ಇದು ದಂಡ.

ಇನ್ನು ಓಕ್ ಗ್ರೋವ್ ಸ್ಮಶಾನ. ಟಿಕೆಟ್ ಇಲ್ಲ, ಗೈಡ್ ಬೇಡ. ದೊಡ್ಡ ಕಲ್ಲಿನ ಕಮಾನಿನ ಮೇಲೆ ಒಂದು ಸಾಲು ಕೆತ್ತಿದ್ದಾರೆ: ನೆರಳು ಬಿದ್ದಾಗಿದೆ, ಅವರು ಬೆಳಗಿಗಾಗಿ ಕಾಯುತ್ತಿದ್ದಾರೆ ಅನ್ನೋ ಅರ್ಥದ್ದು. ಬೋರ್ಡೆನ್ ಮನೆತನದ ಜಾಗದಲ್ಲಿ ದೊಡ್ಡ ಸ್ಮಾರಕ, ಅದರ ಮುಂದೆ ಮೊಣಕಾಲೆತ್ತರವೂ ಇಲ್ಲದ ಪುಟ್ಟ ಕಲ್ಲುಗಳು. ಅಪ್ಪ, ಇಬ್ಬರು ಹೆಂಡತಿಯರು, ಎಮ್ಮಾ, ಮತ್ತೆ ಲಿಜ್ಜಿ, ಎಲ್ಲರೂ ಒಂದೇ ಕಡೆ. ಅವಳ ಕಲ್ಲಿನ ಮೇಲೆ "ಲಿಜ್‌ಬೆತ್" ಅಂತಿದೆ. ಬಿಡುಗಡೆಯಾದ ಮೇಲೆ ಅವಳು ಗುಡ್ಡದ ಮೇಲೆ ಮನೆ ಕೊಂಡಳು, ಹೆಸರನ್ನೂ ಹಾಗೆ ಮಾಡಿಕೊಂಡಳು. ಊರು ಬಿಟ್ಟು ಹೋಗಲಿಲ್ಲ. 1927ರ ಜೂನ್ 1ರಂದು ತೀರಿಕೊಂಡಳು. ಬೇರೆ ಊರಿನಲ್ಲಿದ್ದ ಅಕ್ಕ ಎಮ್ಮಾ ಒಂಬತ್ತು ದಿನಕ್ಕೆ ತೀರಿಕೊಂಡಳು. ಲಿಜ್ಜಿಯ ಉಯಿಲಿನಲ್ಲಿ ಊರಿನ ಪ್ರಾಣಿ ರಕ್ಷಣಾ ಸಂಘಕ್ಕೆ 30,000 ಡಾಲರ್, ಅಪ್ಪನ ಸಮಾಧಿ ನೋಡಿಕೊಳ್ಳೋಕೆ 500 ಡಾಲರ್ ಇತ್ತು. ಅಲ್ಲಿ ಕೂತು ಇದನ್ನು ಹೇಳಿದಾಗ ಅತ್ತೆ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದರು, "ಆ ಕೆಲಸದ ಹುಡುಗಿ ಎಲ್ಲಿ?"

ಬ್ರಿಜೆಟ್ ಇಲ್ಲಿಲ್ಲ. ಐರ್ಲೆಂಡಿನಿಂದ ಬಂದಿದ್ದ ಆ ಹುಡುಗಿ ಆಮೇಲೆ ದೂರದ ಮೊಂಟಾನಾಗೆ ಹೋಗಿ, 1948ರಲ್ಲಿ ಅಲ್ಲೇ ತೀರಿಕೊಂಡಳು. ಬೋರ್ಡೆನ್ ಮನೆಯ ಹೆಣ್ಣುಮಕ್ಕಳು ಅವಳನ್ನು ಅವಳ ಹೆಸರಿಂದ ಕರೆಯುತ್ತಲೂ ಇರಲಿಲ್ಲ. ಮೊದಲಿದ್ದ ಕೆಲಸದವಳ ಹೆಸರು ಮ್ಯಾಗಿ, ಇವಳನ್ನೂ ಮ್ಯಾಗಿ ಅಂತಲೇ ಕರೆದರು. ಅವತ್ತು ಬೆಳಗ್ಗೆ ಹಿತ್ತಲಲ್ಲಿ ವಾಂತಿ ಮಾಡಿಕೊಂಡು ಬಂದವಳು, ಆಗಸ್ಟ್ ಬಿಸಿಲಲ್ಲಿ ಮನೆಯ ಕೆಳಗಿನ ಕಿಟಕಿಗಳನ್ನು ತೊಳೆದಳು. ಪೇಟೆಯಲ್ಲಿ ಬಟ್ಟೆ ಗಜಕ್ಕೆ 8 ಸೆಂಟಿನ ಹಾಗೆ ಮಾರುತ್ತಿದ್ದಾರೆ ಅಂತ ಲಿಜ್ಜಿ ಹೇಳಿದರೂ ಹೋಗಲಿಲ್ಲ. ಸುಸ್ತಾಗಿ ಅಟ್ಟದ ಕೋಣೆಗೆ ಹೋಗಿ ಸುಮ್ನೆ ಮಲಗಿಕೊಂಡಳು. ಗಡಿಯಾರ ಹನ್ನೊಂದು ಹೊಡೆದದ್ದು ಕೇಳಿತು. ಸ್ವಲ್ಪ ಹೊತ್ತಿಗೆ ಕೆಳಗಿಂದ "ಮ್ಯಾಗಿ, ಇಳಿದು ಬಾ" ಅಂತ ಕೂಗು.

ನನ್ನ ಮಟ್ಟಿಗೆ ಮನೆಯನ್ನು ಮೀರಿಸೋದು ಯಾವುದೂ ಇಲ್ಲ. ಫೋಟೋ ಪುಸ್ತಕದಲ್ಲಿ ಸಿಗುತ್ತದೆ, ಕೋರ್ಟಿನ ಮಾತುಗಳು ಓದಲು ಸಿಗುತ್ತವೆ, ಆ ಮೆಟ್ಟಿಲು ಬೇರೆಲ್ಲೂ ಸಿಗೋದಿಲ್ಲ. ಒಂದೇ ನೋಡೋಕೆ ಸಮಯ ಇದ್ದರೆ ಹಗಲಿನ ಮನೆ ನೋಡಿ. ಇಡೀ ದಿನ ಇದ್ದರೆ ಬೆಳಗ್ಗೆ ಮ್ಯೂಸಿಯಂ ಮುಗಿಸಿ, ಮಧ್ಯಾಹ್ನ ಮನೆ, ಸಂಜೆ ಬೆಳಕಿರುವಾಗಲೇ ಓಕ್ ಗ್ರೋವ್. ನಾನು ಮೊದಲ ಸಲ ಮನೆ ನೋಡಿ ಆಮೇಲೆ ಮ್ಯೂಸಿಯಂಗೆ ಹೋಗಿದ್ದೆ. ಎರಡನೇ ಸಲ ತಿರುಗಿಸಿದೆ, ಆಗ ಕಂಡಷ್ಟು ಮೊದಲು ಕಂಡಿರಲಿಲ್ಲ. ಊರಿನಲ್ಲಿ ಪೋರ್ಚುಗೀಸ್ ಬೇಕರಿಗಳಿವೆ, ಸಿಹಿ ಬ್ರೆಡ್ ಮೃದುವಾಗಿರುತ್ತದೆ, ಮೊಟ್ಟೆ ಹಾಕಿರುತ್ತಾರೆ. ಅತ್ತೆಗೆ ಅಂತ ನಾನು ಚಿತ್ರಾನ್ನ ಕಟ್ಟಿಕೊಂಡು ಹೋಗಿದ್ದೆ. ಮನೆಯ ಹಿಂದಿನ ಮೆಟ್ಟಿಲು ಕಡಿದು, ಇಕ್ಕಟ್ಟು. ಮಂಡಿ ನೋವಿನವರನ್ನು ನಿಧಾನವಾಗಿ ಹತ್ತಿಸಿ. ಅಟ್ಟದ ಕೋಣೆ ತೋರಿಸಿದರೆ ಬೇಗ ಇಳಿಯಬೇಡಿ. ಅಲ್ಲಿಂದ ಕೆಳಗಿನ ಕೂಗು ಎಷ್ಟು ಕೇಳಬಹುದು ಅಂತ, ಒಬ್ಬರು ಮೇಲೆ ನಿಂತು, ಒಬ್ಬರು ಕೆಳಗಿಂದ ಮೆಲ್ಲಗೆ ಕರೆದು ನೋಡಿ. ಬ್ರಿಜೆಟ್ ಅಂತ ಕರೆಯಿರಿ.