ರೋಮನ್ ಫೋರಮ್‌ನ ಕಂಬಗಳಿಗೆ ಯಾವ ಲೆನ್ಸ್: 16 ಎಂಎಂ, 24ರ ಶಿಫ್ಟ್, ಇಲ್ಲಾ 50ರ ಪನೋರಮಾ?

ರೋಮ್ ನಗರದ ಪ್ರಾಚೀನ ಚೌಕದ ಅವಶೇಷವಾದ ಫೋರಮ್‌ನೊಳಗೆ ತೆಗೆದ ಹೆಚ್ಚಿನ ಫೋಟೊಗಳಲ್ಲಿ ಕಂಬಗಳು ಹಿಂದಕ್ಕೆ ವಾಲಿರುತ್ತವೆ. ಕ್ಯಾಮೆರಾ ಮೇಲಕ್ಕೆ ಎತ್ತಿದ ಕ್ಷಣ ಸೆನ್ಸರ್ ಕಂಬಕ್ಕೆ ಸಮಾನಾಂತರವಾಗಿ ಉಳಿಯದಿರುವುದೇ ಕಾರಣ. ಇದಕ್ಕಿರುವ ಮೂರು ದಾರಿಗಳನ್ನೂ ಫುಲ್‌ಫ್ರೇಮ್ (36×24 ಮಿ.ಮೀ. ಸೆನ್ಸರ್) ಕ್ಯಾಮೆರಾದಲ್ಲಿ ಹಾಕಿ ನೋಡಿದ್ದೇವೆ.

ಅಗ್ಗದ ದಾರಿ 16 ಎಂಎಂನ ಅಗಲ ನೋಟದ ಲೆನ್ಸ್. ಕ್ಯಾಮೆರಾ ಲಂಬವಾಗಿ ಹಿಡಿದು, ಒಳಗಿನ ಲೆವೆಲ್ ಗೆರೆ ನೋಡಿಕೊಂಡು ಒಂದಿಷ್ಟೂ ಎತ್ತದೆ ಕ್ಲಿಕ್ಕಿಸಬೇಕು. 12 ಮೀಟರ್ ದೂರದಲ್ಲಿ ನಿಂತರೆ ನೆಲದಿಂದ ಸುಮಾರು 15 ಮೀಟರ್ ಎತ್ತರದವರೆಗೂ ಸಿಗುತ್ತದೆ. ಕೆಳಗಿನ ಅರ್ಧದಲ್ಲಿ ಬರೀ ಜಲ್ಲಿ, ಪ್ರವಾಸಿಗರ ಚಪ್ಪಲಿ. ಅದನ್ನು ಕತ್ತರಿಸಿ ಬಿಸಾಡಿ. ಮುಂದೆ ಹೇಳುವ ಶಿಫ್ಟ್ ಲೆನ್ಸ್ (ಕ್ಯಾಮೆರಾ ಎತ್ತದೆ ಲೆನ್ಸನ್ನಷ್ಟೇ ಮೇಲಕ್ಕೆ ಜರುಗಿಸಬಹುದಾದದ್ದು) ಕೊಡುವ ಚೌಕಟ್ಟನ್ನೇ ಇದರಿಂದ ಕತ್ತರಿಸಿ ತೆಗೆದರೆ ಉಳಿಯುವುದು ಶೇ. 40ರಷ್ಟು: 24 ಮೆಗಾಪಿಕ್ಸೆಲ್‌ನಲ್ಲಿ ಹತ್ತಿರ ಹತ್ತಿರ 10, 45ರಲ್ಲಿ 18. ಎ4 ಮುದ್ರಣಕ್ಕೆ ಹತ್ತು ಧಾರಾಳ, ಎ3ಗೆ ಬಿಗಿ. ಎತ್ತಿ ತೆಗೆದು ಆಮೇಲೆ ಸಾಫ್ಟ್‌ವೇರ್‌ನಲ್ಲಿ ನೆಟ್ಟಗೆ ಮಾಡುವುದಕ್ಕಿಂತ ಇದು ವಾಸಿ. ಅಲ್ಲಿ ಮೇಲಿನ ಭಾಗವನ್ನೇ ಹಿಗ್ಗಿಸುವುದರಿಂದ ಬೋದಿಗೆಯ (ಕಂಬದ ತಲೆಯ) ಕೆತ್ತನೆ ಮೊದಲು ಮಸುಕಾಗುತ್ತದೆ, ನಮಗೆ ಬೇಕಾದದ್ದೋ ಆ ಕೆತ್ತನೆಯೇ.

ಕೆನಾನ್‌ನ ಟಿಎಸ್-ಇ 24 ಎಂಎಂ (ಎರಡನೇ ಆವೃತ್ತಿ) 12 ಮಿ.ಮೀ. ಮೇಲಕ್ಕೆ ಜರುಗುತ್ತದೆ. ಅದೇ 12 ಮೀಟರ್‌ನಿಂದ ಹದಿನಾರೂವರೆ ಮೀಟರ್ ಎತ್ತರ, ಅದೂ ಇಡೀ ಸೆನ್ಸರ್ ಬಳಸಿ. ಗೆಲ್ಲುವುದು ಇದೇ, ಆದರೆ ಕಾಟವೂ ಇದೆ. ಫೋಕಸ್ ಕೈಯಿಂದಲೇ ಮಾಡಬೇಕು. ಡಿಎಸ್‌ಎಲ್‌ಆರ್‌ನಲ್ಲಿ (ಒಳಗೆ ಕನ್ನಡಿಯಿರುವ ಕ್ಯಾಮೆರಾ) ಜರುಗಿಸಿದ ಮೇಲೆ ಬೆಳಕಿನ ಮೀಟರ್ ತಪ್ಪು ಹೇಳುತ್ತದೆ. ಜರುಗಿಸುವ ಮೊದಲೇ ಬೆಳಕು ಅಳೆದು ಮ್ಯಾನ್ಯುಯಲ್‌ನಲ್ಲಿ ಕಟ್ಟಿಹಾಕಿ. ಪೂರ್ತಿ ಜರುಗಿಸಿದಾಗ ಮೇಲಂಚು ಮೆದುವಾಗುತ್ತದೆ, ಲೆನ್ಸಿನ ಕಿಂಡಿಯನ್ನು ಎಫ್/8ರಿಂದ 11ರೊಳಗೆ ಇಟ್ಟರೆ ಸರಿಹೋಗುತ್ತದೆ. 780 ಗ್ರಾಂ ತೂಕ ಬೇರೆ. ಒಂದೇ ಪ್ರವಾಸಕ್ಕೆಂದು ಕೊಳ್ಳುವುದು ದಂಡ, ಬಾಡಿಗೆಗೆ ತನ್ನಿ.

50 ಎಂಎಂನಲ್ಲಿ ಲಂಬ ಫ್ರೇಮ್‌ಗಳನ್ನು ಜೋಡಿಸಿ ಪನೋರಮಾ ಮಾಡುವ ಕ್ರಮ ಕಂಬಗಳ ಬುಡದಲ್ಲಿ ಉಪಯೋಗವಿಲ್ಲ. ಅದರ ಜಾಗ ಫೋರಮ್ ಪಕ್ಕದ ಕ್ಯಾಪಿಟೋಲಿನ್ ಗುಡ್ಡದ ಮೇಲೆ, ಮಾಂಟೆ ತಾರ್ಪೆಯೊ ಬೀದಿಯ ಕಟ್ಟೆ. 120 ಡಿಗ್ರಿ ನೋಟಕ್ಕೆ, ಮೂರನೇ ಒಂದು ಭಾಗ ಒಂದರ ಮೇಲೊಂದು ಬರುವಂತೆ, ಏಳು ಫ್ರೇಮ್ ಸಾಕು. ಎಕ್ಸ್‌ಪೋಶರ್, ಫೋಕಸ್, ವೈಟ್ ಬ್ಯಾಲೆನ್ಸ್ (ಬಣ್ಣದ ಛಾಯೆಯ ಹೊಂದಾಣಿಕೆ) ಮೂರನ್ನೂ ಬಿಗಿ ಮಾಡಿರಬೇಕು. ಅಲ್ಲಿಂದ ಕಾಣುವ ಸ್ಯಾಟರ್ನ್ ದೇಗುಲದ ಎಂಟು ಕಂಬಗಳಲ್ಲಿ ಮುಂದಿನ ಆರು ಬೂದು ಗ್ರಾನೈಟ್, ಪಕ್ಕದ ಎರಡು ಕೆಂಪು ಗ್ರಾನೈಟ್. ಆಟೊ ವೈಟ್ ಬ್ಯಾಲೆನ್ಸ್ ಬಿಟ್ಟರೆ ಒಂದೊಂದು ಫ್ರೇಮಿಗೊಂದು ಛಾಯೆ ಬಂದು ಈ ವ್ಯತ್ಯಾಸವೇ ಕಲಸಿಹೋಗುತ್ತದೆ. ಕೈಯಲ್ಲೇ ತೆಗೆಯುವಾಗ ಮೈ ತಿರುಗಿಸಬೇಡಿ. ಲೆನ್ಸ್ ಇದ್ದಲ್ಲೇ ಇರಲಿ, ನೀವು ಅದರ ಸುತ್ತ ಸರಿಯಿರಿ. ಇಲ್ಲದಿದ್ದರೆ ಹತ್ತಿರದ ಕಂಬಿ ಎರಡೆರಡಾಗುತ್ತದೆ. ಜೋಡಿಸುವ ಸಾಫ್ಟ್‌ವೇರ್‌ನಲ್ಲಿ ಚಿತ್ರವನ್ನು ಹರಡುವ ಎರಡು ಬಗೆಗಳಲ್ಲಿ ಸಿಲಿಂಡರ್ ಪ್ರೊಜೆಕ್ಷನ್ ಅಡ್ಡ ತೊಲೆಗಳನ್ನು ಬಾಗಿಸುತ್ತದೆ, ನೇರ ಗೆರೆ ಉಳಿಸುವ ರೆಕ್ಟಿಲಿನಿಯರ್ ಅಂಚುಗಳನ್ನು ಎಳೆಯುತ್ತದೆ. 120 ಡಿಗ್ರಿಗೆ ಮೊದಲನೆಯದೇ ಸಹ್ಯ.

ಕಟ್ಟೆಯಿಂದ ನೋಟ ಆಗ್ನೇಯಕ್ಕೆ, ಹಾಗಾಗಿ ಬೆಳಗ್ಗೆ ಬಿಸಿಲು ನೇರ ಲೆನ್ಸಿಗೆ. ಮಧ್ಯಾಹ್ನದ ಮೇಲೆ ಹೋಗಿ, ಆದರೆ ಸೂರ್ಯ ಮುಳುಗುವವರೆಗೆ ಕಾಯಬೇಡಿ: ಗುಡ್ಡದ ನೆರಳು ಮೊದಲು ಬೀಳುವುದು ಅದರ ಬುಡದಲ್ಲೇ ಇರುವ ಸ್ಯಾಟರ್ನ್ ದೇಗುಲ, ಸೆಪ್ಟಿಮಿಯಸ್ ಸೆವೆರಸ್ ಕಮಾನುಗಳ ಮೇಲೆ, ದೂರದ ಕೊಲೊಸಿಯಮ್ ಇನ್ನೂ ಬಿಸಿಲಲ್ಲಿರುವಾಗಲೇ.

ಫೋರಮ್ ಒಳಗೆ ಟ್ರೈಪಾಡ್ ಬಿಡಿಸಲು ಮುಂಚೆಯೇ ಅನುಮತಿ ಬೇಕು. ಟ್ರೈಪಾಡ್ ಇಲ್ಲದೆ ಶಿಫ್ಟ್ ಲೆನ್ಸನ್ನು ಕೈಯಲ್ಲೇ ಹಿಡಿದು ಹೊಂದಿಸುವುದು ಕಷ್ಟ. ಹಾಗಾಗಿ ಒಂದೇ ಲೆನ್ಸ್ ಒಯ್ಯುವವರಿಗೆ ನಮ್ಮ ಮತ 16 ಎಂಎಂಗೆ, ಲೆವೆಲ್ ಗೆರೆಯನ್ನು ಆನ್ ಮಾಡಿಟ್ಟುಕೊಂಡು.