ಸೆಕೆಂಡ್ ಹ್ಯಾಂಡ್ ಆಕ್ಟೇವಿಯಾ ಆರ್‌ಎಸ್: ದೀರ್ಘ ಬಳಕೆಯ ವಿಮರ್ಶೆ, ಕೊಳ್ಳುವ ಮುನ್ನ ನೋಡಬೇಕಾದ್ದು

ಮೂರನೇ ತಲೆಮಾರಿನ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ (ಆಕ್ಟೇವಿಯಾದ ಹೆಚ್ಚು ಶಕ್ತಿಯ ಸ್ಪೋರ್ಟ್ಸ್ ಆವೃತ್ತಿ) 2013ರಲ್ಲಿ ಬಂತು, 2020ರ ಹೊತ್ತಿಗೆ ಅದರ ತಯಾರಿಕೆ ಮುಗಿಯಿತು. ಈಗ ಕೊಳ್ಳುವವರೆಲ್ಲ ಎರಡನೆಯ ಅಥವಾ ಮೂರನೆಯ ಮಾಲೀಕರು. ವರ್ಷಗಟ್ಟಲೆ ದಿನನಿತ್ಯದ ಕೆಲಸಕ್ಕೂ ದೂರದ ಪ್ರಯಾಣಕ್ಕೂ ಬಳಸಿದ ಮೇಲೆ ಈ ಕಾರಿನ ಬಗ್ಗೆ ಹೇಳಬೇಕಾದ ಮುಖ್ಯ ಮಾತು ಇದು: ಸಾಮಾನ್ಯ ಆಕ್ಟೇವಿಯಾದಲ್ಲಿ ಇಲ್ಲದ, ಆರ್‌ಎಸ್‌ನಲ್ಲಿ ಮಾತ್ರ ಇರುವ ಭಾಗಗಳಲ್ಲೇ ಇದರ ಸುಖ ಇದೆ, ಖರ್ಚೂ ಅಲ್ಲೇ ಇದೆ. ಉಳಿದದ್ದು ಗಟ್ಟಿಮುಟ್ಟಾದ ಮನೆಮಂದಿಯ ಕಾರು. ಹಳೆಯ ಆರ್‌ಎಸ್ ನೋಡಲು ಹೋದಾಗ ಬಣ್ಣ, ಟಚ್ ಸ್ಕ್ರೀನ್, ಸೀಟಿನ ಕೆಂಪು ಹೊಲಿಗೆ ನೋಡಿ ಮರುಳಾಗದೆ ಆ ಭಾಗಗಳ ಬೆನ್ನು ಹತ್ತಬೇಕು.

ಮೊದಲು ಯಾವ ಆರ್‌ಎಸ್ ಎಂದು ಖಚಿತ ಮಾಡಿಕೊಳ್ಳಿ. ಪೆಟ್ರೋಲ್ 2.0 ಟಿಎಸ್‌ಐ (ಎರಡು ಲೀಟರ್ ಟರ್ಬೊ ಎಂಜಿನ್) ಆರಂಭದಲ್ಲಿ 220 ಪಿಎಸ್ (ಅಶ್ವಶಕ್ತಿ) ಕೊಡುತ್ತಿತ್ತು. 2015ರಲ್ಲಿ 230 ಪಿಎಸ್‌ನ ಆವೃತ್ತಿ ಬಂತು, 2017ರ ಫೇಸ್‌ಲಿಫ್ಟ್ (ರೂಪ ಪರಿಷ್ಕರಣೆ) ನಂತರ 245 ಪಿಎಸ್, 370 ನ್ಯೂಟನ್ ಮೀಟರ್ ಟಾರ್ಕ್‌ನ ಆರ್‌ಎಸ್ 245. ಅದೇ ಬ್ಯಾಡ್ಜ್ ಹೊತ್ತ 184 ಪಿಎಸ್ ಡೀಸೆಲ್ ಕೂಡ ಇದೆ. ಜಾಹೀರಾತಿನಲ್ಲಿ ಬರೀ ‘ಆರ್‌ಎಸ್’ ಎಂದಿದ್ದರೆ ಯಾವುದು ಎಂದು ಕೇಳಿಯೇ ಹೊರಡಿ. 230ರಲ್ಲಿ ಇನ್ನೊಂದು ಸೂಕ್ಷ್ಮವಿದೆ. 2015ರ ಆರ್‌ಎಸ್ 230ರಲ್ಲಿ ವಿಎಕ್ಯು ಎಂಬ ಎಲೆಕ್ಟ್ರಾನಿಕ್ ಡಿಫರೆನ್ಶಿಯಲ್ ಲಾಕ್ (ಮುಂದಿನ ಎಡ–ಬಲ ಚಕ್ರಗಳ ನಡುವೆ ಶಕ್ತಿ ಹಂಚುವ ಸಾಧನ) ಇತ್ತು. ಫೇಸ್‌ಲಿಫ್ಟ್ ಆದ ಮೇಲೆ 230 ಕೆಳಗಿನ ಮೆಟ್ಟಿಲಿಗೆ ಇಳಿಯಿತು, ವಿಎಕ್ಯು 245ರ ಪಾಲಾಯಿತು. ಮಾರುವವರಿಗೇ ಇದು ಗೊತ್ತಿರುವುದಿಲ್ಲ. ಕಾರಿನ ಕಂಪ್ಯೂಟರ್‌ಗಳನ್ನು ಓದುವ ಡಯಾಗ್ನೋಸ್ಟಿಕ್ ಸ್ಕ್ಯಾನ್ ಹಾಕಿದಾಗ ಡಿಫರೆನ್ಶಿಯಲ್ ಲಾಕ್‌ನ ಮಾಡ್ಯೂಲ್ ಪಟ್ಟಿಯಲ್ಲಿ ಕಂಡರೆ ಇದೆ, ಕಾಣದಿದ್ದರೆ ಬರೀ ಬ್ರೇಕ್ ಹಿಡಿದು ಚಕ್ರ ಜಾರದಂತೆ ತಡೆಯುವ ಎಕ್ಸ್‌ಡಿಎಸ್ ಅಷ್ಟೇ. ಒದ್ದೆ ರಸ್ತೆಯಲ್ಲಿ ತಿರುವಿನಿಂದ ಹೊರಬರುವಾಗ ಈ ವ್ಯತ್ಯಾಸ ಸ್ಪಷ್ಟವಾಗಿ ಗೊತ್ತಾಗುತ್ತದೆ: ವಿಎಕ್ಯು ಇದ್ದರೆ ಮೂತಿ ಒಳಕ್ಕೆ ಎಳೆಯುತ್ತದೆ, ಇಲ್ಲದಿದ್ದರೆ ಒಳಗಿನ ಚಕ್ರ ಗಿರಕಿ ಹೊಡೆದು ಕಾರು ಹೊರಕ್ಕೆ ಸರಿಯುತ್ತದೆ.

ದಿನನಿತ್ಯದ ಬಳಕೆಯಲ್ಲಿ ದೂರು ಕಡಿಮೆ. 590 ಲೀಟರ್ ಡಿಕ್ಕಿ, ಗಾಜು ಸಮೇತ ಮೇಲೇಳುವ ಬಾಗಿಲು, ಹಿಂದೆ ಎತ್ತರದವರಿಗೂ ಸಾಕಷ್ಟು ಕಾಲಿನ ಜಾಗ. 1,800 ಆರ್‌ಪಿಎಂ ಆಸುಪಾಸಿನಿಂದಲೇ ಎಳೆತ ಸಿಗುವುದರಿಂದ ದಟ್ಟಣೆಯಲ್ಲಿ ಸುಸ್ತಾಗುವುದಿಲ್ಲ. ಶಾಂತವಾಗಿ ಓಡಿಸಿದರೆ ಹೆದ್ದಾರಿಯಲ್ಲಿ ಲೀಟರಿಗೆ 13–14 ಕಿ.ಮೀ., ನಗರದಲ್ಲಿ 8–9. ಕಿರಿಕಿರಿ ಎರಡು. 225/40 ಆರ್18 ಟೈರುಗಳ ಸದ್ದು ಒರಟು ರಸ್ತೆಯಲ್ಲಿ ಕ್ಯಾಬಿನ್ ತುಂಬುತ್ತದೆ. ಗುಂಡಿಗಳಲ್ಲಿ ಸಸ್ಪೆನ್ಷನ್ ಸಣ್ಣ ಏಟನ್ನೂ ಮುಚ್ಚಿಡದೆ ತಲುಪಿಸುತ್ತದೆ. 19 ಇಂಚಿನ ಚಕ್ರ ಹಾಕಿದ ಕಾರಿನಲ್ಲಿ ಇವೆರಡೂ ಹೆಚ್ಚು. ಕೆಟ್ಟ ರಸ್ತೆಯಲ್ಲಿ ಓಡಿಸುವವರು 18 ಇಂಚಿನದನ್ನೇ ಹುಡುಕಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಎಂಜಿನ್

ಇದರಲ್ಲಿರುವುದು ಫೋಕ್ಸ್‌ವ್ಯಾಗನ್ ಸಮೂಹದ ಇಎ888 ಎಂಜಿನ್ ಕುಟುಂಬದ ಮೂರನೇ ಪೀಳಿಗೆ. ಹಿಂದಿನ ಪೀಳಿಗೆಗಳ ಟೈಮಿಂಗ್ ಚೈನ್ (ವಾಲ್ವ್‌ಗಳನ್ನು ನಡೆಸುವ ಸರಪಳಿ) ಬಿಗಿಯಾಗಿಡುವ ಟೆನ್ಷನರ್‌ನ ರೋಗ ಇದರಲ್ಲಿ ಬಹಳ ಮಟ್ಟಿಗೆ ವಾಸಿಯಾಗಿದೆ. ಆದರೂ ಎಂಜಿನ್ ಪೂರ್ತಿ ತಣ್ಣಗಿರುವಾಗ ಮೊದಲ ಸ್ಟಾರ್ಟ್ ಕೇಳಲೇಬೇಕು. ಮೂರು ನಾಲ್ಕು ಸೆಕೆಂಡಿಗಿಂತ ಹೆಚ್ಚು ಸರಪಳಿ ಗಲಗಲ ಎಂದರೆ ಆ ಕಾರು ಬಿಡಿ. ನೀವು ಹೋಗುವಷ್ಟರಲ್ಲಿ ಬಾನೆಟ್ ಬಿಸಿಯಾಗಿದ್ದರೆ ಇನ್ನೊಂದು ದಿನ ಬರುತ್ತೇನೆ ಎಂದು ಹೇಳಿ ವಾಪಸ್ ಬನ್ನಿ. ತಣ್ಣನೆಯ ಸ್ಟಾರ್ಟ್ ಹೇಳುವ ಸತ್ಯವನ್ನು ಬೇರೆ ಯಾವ ಪರೀಕ್ಷೆಯೂ ಹೇಳುವುದಿಲ್ಲ.

ಈ ಎಂಜಿನ್‌ನ ನಿಜವಾದ ದುರ್ಬಲ ಜಾಗ ವಾಟರ್ ಪಂಪ್ ಮತ್ತು ಥರ್ಮೋಸ್ಟಾಟ್ ಹೌಸಿಂಗ್. ಎರಡೂ ಒಂದಕ್ಕೊಂದು ಅಂಟಿಕೊಂಡ ಪ್ಲಾಸ್ಟಿಕ್ ಜೋಡಣೆ, ಇನ್‌ಟೇಕ್ ಮ್ಯಾನಿಫೋಲ್ಡ್ ಕೆಳಗೆ ಕೂತಿದೆ. ಬಿಸಿ–ತಂಪಿನ ಆವರ್ತನೆಗೆ ಪ್ಲಾಸ್ಟಿಕ್ ಬಾಗುತ್ತದೆ, ಸೀಲು ಬಿಡುತ್ತದೆ, ಕೂಲೆಂಟ್ ಜಿನುಗುತ್ತದೆ. ನೆಲದ ಮೇಲೆ ಹನಿ ಬೀಳುವುದಕ್ಕೆ ಮೊದಲೇ ಬಿಸಿ ಲೋಹದ ಮೇಲೆ ಆವಿಯಾಗಿಬಿಡುವುದರಿಂದ ಸೋರಿಕೆ ಬೇಗ ಪತ್ತೆಯಾಗುವುದಿಲ್ಲ. ಟಾರ್ಚ್ ಬಿಟ್ಟು ನೋಡಿದರೆ ಗುಲಾಬಿ ಬಣ್ಣದ ಒಣ ಪುಡಿ ಕಾಣುತ್ತದೆ, ಓಡಿಸಿ ನಿಲ್ಲಿಸಿದ ಕೂಡಲೇ ಸಿಹಿ ವಾಸನೆ ಬರುತ್ತದೆ. ಕೂಲೆಂಟ್ ಡಬ್ಬಿಯಲ್ಲಿ ಮಟ್ಟ ಕನಿಷ್ಠ ಗೆರೆಯ ಹತ್ತಿರ ಇದ್ದು, ‘ಸ್ವಲ್ಪ ಹಾಕ್ತಾ ಇರ್ತೀವಿ’ ಎಂದು ಮಾಲೀಕರು ಹೇಳಿದರೆ ಈ ರಿಪೇರಿ ಬಾಕಿ ಇದೆ ಎಂದೇ ತಿಳಿಯಿರಿ. ಬದಲಿಸುವಾಗ ಪಂಪ್ ಒಂದನ್ನೋ ಥರ್ಮೋಸ್ಟಾಟ್ ಒಂದನ್ನೋ ಹಾಕಿ ಉಳಿತಾಯ ಮಾಡಬೇಡಿ. ಇಡೀ ಜೋಡಣೆ, ಪಂಪನ್ನು ತಿರುಗಿಸುವ ಪುಟ್ಟ ಬೆಲ್ಟ್, ಹೊಸ ಸೀಲುಗಳು, ಹೊಸ ಕೂಲೆಂಟ್ ಒಟ್ಟಿಗೆ ಆಗಬೇಕು. ಬೋಲ್ಟುಗಳನ್ನು ಹೇಳಿದ ಕ್ರಮದಲ್ಲಿ ಟಾರ್ಕ್ ರೆಂಚ್‌ನಿಂದಲೇ ಬಿಗಿಯಬೇಕು. ಅಂದಾಜಿಗೆ ಬಿಗಿದರೆ ಹೊಸ ಹೌಸಿಂಗ್ ಕೂಡ ಸೊಟ್ಟಗಾಗಿ ಮತ್ತೆ ಸೋರುತ್ತದೆ.

ಎರಡನೆಯದು ಪಿಸಿವಿ ಅಂದರೆ ಕ್ರ್ಯಾಂಕ್‌ಕೇಸ್‌ನ ಆವಿ ಹೊರಹಾಕುವ ಕವಾಟ. ಒಳಗಿನ ರಬ್ಬರ್ ಪೊರೆ ಹರಿದರೆ ಐಡ್ಲಿಂಗ್ ಏರುಪೇರಾಗುತ್ತದೆ, ಶಿಳ್ಳೆಯಂಥ ಸದ್ದು ಬರುತ್ತದೆ. ಎಂಜಿನ್ ಓಡುತ್ತಿರುವಾಗ ಆಯಿಲ್ ಮುಚ್ಚಳ ತೆಗೆದು ನೋಡಿ. ಸ್ವಲ್ಪ ಸೆಳೆತ ಇರುವುದು ಸಹಜ; ಮುಚ್ಚಳವನ್ನು ಬಲವಾಗಿ ಕಚ್ಚಿ ಹಿಡಿದಂತಿದ್ದು, ತೆಗೆದಾಗ ಶಿಳ್ಳೆ ನಿಂತರೆ ಪಿಸಿವಿ ಹೋಗಿದೆ. ಕವಾಟ ಬದಲಿಸುವುದು ಸಣ್ಣ ಕೆಲಸ. ಹಾಗೇ ಬಿಟ್ಟರೆ ಒಳಗಿನ ನಿರ್ವಾತ ಹೆಚ್ಚಾಗಿ ಗೇರ್‌ಬಾಕ್ಸ್ ಕಡೆಯ ಕ್ರ್ಯಾಂಕ್ ಸೀಲು ಕೆಡುತ್ತದೆ, ಅದನ್ನು ಹಾಕಲು ಗೇರ್‌ಬಾಕ್ಸ್ ಇಳಿಸಬೇಕು.

ಪೆಟ್ರೋಲ್ ಅನ್ನು ನೇರ ಸಿಲಿಂಡರಿಗೇ ಚಿಮ್ಮುವ ನೇರ ಇಂಜೆಕ್ಷನ್ ಮಾತ್ರ ಇರುವ ಎಂಜಿನ್ ಆದರೆ ಇನ್‌ಟೇಕ್ ವಾಲ್ವ್‌ಗಳ ಮೇಲೆ ಕಾರ್ಬನ್ ಕಟ್ಟುತ್ತದೆ. ತಣ್ಣಗಿರುವಾಗ ನಡುಕ, ಮಿಸ್‌ಫೈರ್ ಕೋಡ್, ಮಂಕಾದ ಎಳೆತ ಇದರ ಲಕ್ಷಣ. ಅಕ್ರೋಟಿನ ಚಿಪ್ಪಿನ ಪುಡಿಯನ್ನು ಗಾಳಿಯ ಒತ್ತಡದಲ್ಲಿ ಊದಿ ಸ್ವಚ್ಛಗೊಳಿಸುವುದೇ ಪಕ್ಕಾ ಪರಿಹಾರ, ಟ್ಯಾಂಕಿಗೆ ಸುರಿಯುವ ಕ್ಲೀನರ್ ಆ ಜಾಗವನ್ನು ಮುಟ್ಟುವುದೇ ಇಲ್ಲ. ಆಯಿಲ್ ಸುಮಾರು 5.7 ಲೀಟರ್ ಹಿಡಿಸುತ್ತದೆ. ಫೋಕ್ಸ್‌ವ್ಯಾಗನ್‌ನ 502 00 ಅಥವಾ 504 00 ಮಾನ್ಯತೆ ಡಬ್ಬಿಯ ಮೇಲೆ ಇರಬೇಕು. ಲಾಂಗ್‌ಲೈಫ್ ಲೆಕ್ಕದಲ್ಲಿ 30,000 ಕಿ.ಮೀ. ವರೆಗೆ ಎಳೆದ ಕಾರಿಗಿಂತ 10,000ಕ್ಕೊಮ್ಮೆ ಅಥವಾ ವರ್ಷಕ್ಕೊಮ್ಮೆ ಬದಲಿಸಿದ ಕಾರು ನೂರು ಪಾಲು ಮೇಲು.

ಡಿಎಸ್‌ಜಿ

ಡಿಎಸ್‌ಜಿ (ಎರಡು ಕ್ಲಚ್‌ನ ಆಟೊಮ್ಯಾಟಿಕ್ ಗೇರ್‌ಬಾಕ್ಸ್) ಎಂದ ಕೂಡಲೇ ಹೆದರುವವರು ಇದ್ದಾರೆ. ಆ ಹೆದರಿಕೆ ಬಂದದ್ದು ಸಣ್ಣ ಎಂಜಿನ್‌ಗಳ ಜೊತೆ ಬರುವ ಒಣ ಕ್ಲಚ್‌ನ ಡಿಕ್ಯು200 ಇಂದ. ಆರ್‌ಎಸ್‌ನಲ್ಲಿ ಅದು ಇಲ್ಲ. 220, 230ರಲ್ಲಿ ಆಯಿಲ್‌ನಲ್ಲಿ ಮುಳುಗಿರುವ ಕ್ಲಚ್‌ನ ಆರು ಗೇರಿನ ಡಿಕ್ಯು250, 245ರಲ್ಲಿ ಏಳು ಗೇರಿನ ಡಿಕ್ಯು381. ಎರಡೂ ದೀರ್ಘಾಯುಷಿಗಳು, ಆಯಿಲ್ ಬದಲಿಸಿದರೆ ಮಾತ್ರ. ಡಿಕ್ಯು250ಕ್ಕೆ 60,000 ಕಿ.ಮೀ.ಗೊಮ್ಮೆ ಆಯಿಲ್ ಮತ್ತು ಫಿಲ್ಟರ್ ಕಡ್ಡಾಯ. ಸುಮಾರು 5.2 ಲೀಟರ್ ಬೇಕಾಗುತ್ತದೆ. ಮಟ್ಟ ನೋಡುವುದು ಎಂಜಿನ್ ಚಾಲೂ ಇಟ್ಟು, ಗೇರ್‌ಬಾಕ್ಸ್ ಆಯಿಲ್ 35ರಿಂದ 45 ಡಿಗ್ರಿ ನಡುವೆ ಇರುವಾಗ. ಬಿಸಿ ಹೆಚ್ಚಾದ ಮೇಲೆ ನೋಡಿದರೆ ಆಯಿಲ್ ಹಿಗ್ಗಿ ಹೆಚ್ಚು ಹೊರಚೆಲ್ಲುತ್ತದೆ, ಕೊನೆಗೆ ಒಳಗೆ ಕಡಿಮೆ ಉಳಿಯುತ್ತದೆ. ಡಿಕ್ಯು381ಕ್ಕೂ ಕೈಪಿಡಿಯ ದೀರ್ಘ ಅವಧಿ ನೆಚ್ಚದೆ 60,000ಕ್ಕೇ ಮಾಡಿಸುವುದು ಕ್ಷೇಮ.

ಪರೀಕ್ಷೆ ಹೀಗೆ: ದಟ್ಟಣೆಯಲ್ಲಿ ಆಕ್ಸಿಲರೇಟರ್ ಮುಟ್ಟದೆ ತೆವಳಲು ಬಿಡಿ, ಏರಿನಲ್ಲಿ ನಿಂತು ನಿಧಾನ ಹೊರಡಿ, ನಿಲ್ಲುವ ಹಂತದಲ್ಲಿ ಎರಡರಿಂದ ಒಂದನೇ ಗೇರಿಗೆ ಇಳಿಯುವುದನ್ನು ಗಮನಿಸಿ, ರಿವರ್ಸ್‌ನಿಂದ ಡ್ರೈವ್‌ಗೆ ಹಾಕಿ. ನಡುಗಿದರೆ ಕ್ಲಚ್ ಸವೆದಿದೆ ಅಥವಾ ಆಯಿಲ್ ಹಳಸಿದೆ, ದಡ್ ಎಂದು ಬಡಿದರೆ ಗೇರ್ ಬದಲಾವಣೆ ನಿಯಂತ್ರಿಸುವ ಮೆಕಾಟ್ರಾನಿಕ್ ಘಟಕ ಪರೀಕ್ಷಿಸಬೇಕು. ನ್ಯೂಟ್ರಲ್‌ನಲ್ಲಿ ಕಟಕಟ ಸದ್ದು ಬಂದರೆ ಎಂಜಿನ್‌ನ ಅದುರುವಿಕೆ ಹೀರುವ ಡ್ಯುಯಲ್ ಮಾಸ್ ಫ್ಲೈವೀಲ್ ಕಡೆ ಅನುಮಾನ. ವಿಎಕ್ಯುಗೆ ಅದರದೇ ಆಯಿಲ್, ಅದರದೇ ಪಂಪ್ ಇದೆ ಎಂಬುದು ಎಷ್ಟೋ ವರ್ಕ್‌ಶಾಪ್‌ಗಳ ಸರ್ವಿಸ್ ಪಟ್ಟಿಯಲ್ಲೇ ಇರುವುದಿಲ್ಲ. ದಾಖಲೆಯಲ್ಲಿ ಅದರ ಉಲ್ಲೇಖ ಇದ್ದರೆ ಮಾಲೀಕರು ಕಾರನ್ನು ಬಲ್ಲವರು ಎಂದು ನೆಮ್ಮದಿಯಿಂದ ಮುಂದುವರಿಯಬಹುದು.

ಚಾಸಿ ಭಾಗದಲ್ಲಿ ನೋಡಬೇಕಾದ್ದು ಮುಂದಿನ ಕಂಟ್ರೋಲ್ ಆರ್ಮ್‌ನ ಹಿಂದಿನ ಬುಷ್, ಸ್ಟ್ರಟ್‌ನ ಮೇಲಿನ ಮೌಂಟ್, ವೀಲ್ ಬೇರಿಂಗ್. ಡಿಸಿಸಿ (ಬಿಗಿ ಬದಲಿಸಬಲ್ಲ ಎಲೆಕ್ಟ್ರಾನಿಕ್) ಡ್ಯಾಂಪರ್ ಇದ್ದರೆ ಸೋರಿಕೆ ಇಲ್ಲವೆಂದು ಖಚಿತ ಮಾಡಿಕೊಳ್ಳಿ, ಒಂದೊಂದೂ ದುಬಾರಿ. 340 ಮಿ.ಮೀ. ಮುಂದಿನ ಬ್ರೇಕ್ ಡಿಸ್ಕ್ ಇರುವ ಕಾರಾದರೆ ಅದು ಹೊಸದರಲ್ಲಿ 30 ಮಿ.ಮೀ. ದಪ್ಪ, 27ಕ್ಕೆ ಬಂದರೆ ಬದಲಿಸಬೇಕು. ವರ್ನಿಯರ್ ಕ್ಯಾಲಿಪರ್ ಒಯ್ಯಿರಿ. ರಿಮ್‌ಗಳ ಒಳಬದಿಯಲ್ಲಿ ಬಾಗು ಮತ್ತು ವೆಲ್ಡಿಂಗ್ ಗುರುತು ಹುಡುಕಿ, ಹೊರಬದಿ ಪಾಲಿಶ್ ಮಾಡಿ ಮಿಂಚಿಸಿರುತ್ತಾರೆ.

ಸಾಫ್ಟ್‌ವೇರ್ ಟ್ಯೂನ್ ಮಾಡಿ ಮರಳಿಸಿದ ಕಾರು

ಹಳೆಯ ಆರ್‌ಎಸ್ ಕೊಳ್ಳುವಲ್ಲಿ ಅತಿ ದೊಡ್ಡ ಅಪಾಯ ಇದೇ. ಈ ಎಂಜಿನ್ ಬರೀ ಸಾಫ್ಟ್‌ವೇರ್‌ನಿಂದ 300 ಪಿಎಸ್ ಹತ್ತಿರ ಹೋಗುತ್ತದೆ. ಹಾಗಾಗಿ ಬಹಳ ಕಾರುಗಳು ಟ್ಯೂನ್ ಆಗಿವೆ, ಮಾರುವ ವಾರದ ಹಿಂದೆ ಫ್ಯಾಕ್ಟರಿ ಫೈಲ್‌ಗೆ ಮರಳಿವೆ. ಟ್ಯೂನ್ ಮಾಡಿದ್ದೇ ಪಾಪವಲ್ಲ. ಒಳ್ಳೆಯ ಪೆಟ್ರೋಲ್, ಅರ್ಧ ಅವಧಿಗೇ ಬದಲಿಸಿದ ಸ್ಪಾರ್ಕ್ ಪ್ಲಗ್, ಚುರುಕಾದ ಆಯಿಲ್ ಬದಲಾವಣೆ, ಗೇರ್‌ಬಾಕ್ಸ್‌ಗೂ ಹೊಂದುವ ಸಾಫ್ಟ್‌ವೇರ್ ಇದ್ದರೆ ಅದು ಬಾಳುತ್ತದೆ. ಮುಚ್ಚಿಟ್ಟದ್ದು ಕೇಡು, ಏಕೆಂದರೆ ಕ್ಲಚ್, ಟರ್ಬೊ, ಫ್ಲೈವೀಲ್‌ಗಳು ಹೆಚ್ಚಿನ ಟಾರ್ಕ್ ಹೊತ್ತು ಸವೆದಿರುತ್ತವೆ, ನಿಮಗೆ ಅದರ ಲೆಕ್ಕ ಸಿಗುವುದಿಲ್ಲ.

ಪತ್ತೆಗೆ ದಾರಿಗಳಿವೆ. ಅಧಿಕೃತ ಸರ್ವಿಸ್ ಕೇಂದ್ರದ ದಾಖಲೆಯಲ್ಲಿ ಟಿಡಿ1 ಎಂಬ ಗುರುತು ಬಿದ್ದಿದ್ದರೆ ಎಂಜಿನ್ ಫೈಲ್ ತಿದ್ದಿದ್ದು ಒಮ್ಮೆ ಸಿಕ್ಕಿಬಿದ್ದಿದೆ ಎಂದರ್ಥ. ಫ್ಲಾಶ್ ಕೌಂಟರ್ ಎಷ್ಟು ಸಲ ಸಾಫ್ಟ್‌ವೇರ್ ಬರೆಯಲಾಗಿದೆ ಎಂದು ತೋರಿಸುತ್ತದೆ. ಅದೊಂದೇ ಸಾಕ್ಷಿಯಲ್ಲ, ಕಂಪನಿಯ ಅಪ್‌ಡೇಟ್‌ಗೂ ಅದು ಏರುತ್ತದೆ. ಬಾನೆಟ್ ಕೆಳಗೆ ಏರ್ ಬಾಕ್ಸ್‌ನ ಸ್ಕ್ರೂಗಳ ತಲೆ ಸವೆದಿದ್ದರೆ, ಇಂಟರ್‌ಕೂಲರ್ ಕೊಳವೆಗಳ ಕ್ಲಾಂಪ್ ಬೇರೆ ಬಗೆಯದಿದ್ದರೆ, ಟರ್ಬೊದಿಂದ ಹೊಗೆ ಒಯ್ಯುವ ಡೌನ್‌ಪೈಪ್‌ನ ನಟ್ಟುಗಳು ಹೊಸದಾಗಿ ಹೊಳೆಯುತ್ತಿದ್ದರೆ ನೇರವಾಗಿ ಕೇಳಿ. ಓಡೋಮೀಟರ್ ಅನುಮಾನಕ್ಕೂ ಇದೇ ಸ್ಕ್ಯಾನ್ ಸಾಕು: ಪ್ರತಿ ದೋಷದ ಕೋಡ್ ಜೊತೆ ಅದು ದಾಖಲಾದ ಕಿ.ಮೀ. ಇರುತ್ತದೆ. ಯಾವುದೋ ಮಾಡ್ಯೂಲ್‌ನಲ್ಲಿ ಆ ಸಂಖ್ಯೆ ಮೀಟರ್‌ಗಿಂತ ಮುಂದಿದ್ದರೆ ಮಾತುಕತೆ ಅಲ್ಲಿಗೆ ಮುಗಿಯಿತು. ಸ್ಕ್ಯಾನ್‌ಗೆ ಸ್ವಲ್ಪ ಮೊದಲು ಎಲ್ಲ ಕೋಡ್ ಅಳಿಸಿದ್ದಾರೆ ಎಂದು ಕಂಡರೂ ನಾನು ಆ ಕಾರು ಕೊಳ್ಳಲು ಹೇಳುವುದಿಲ್ಲ.

ಬೇರೆ ಆಯ್ಕೆಗಳ ಜೊತೆ ಇಟ್ಟು ನೋಡಿದರೆ

2019ರ ನಂತರದ ಫೋಕ್ಸ್‌ವ್ಯಾಗನ್ ಜೆಟ್ಟಾ ಜಿಎಲ್‌ಐ ಇದರ ಹತ್ತಿರದ ಸಂಬಂಧಿ. ಅದೇ ಎಂಜಿನ್ ಕುಟುಂಬ, 228 ಎಚ್‌ಪಿ, ಸಾಮಾನ್ಯ ಜೆಟ್ಟಾದಲ್ಲಿ ಇಲ್ಲದ ಮಲ್ಟಿಲಿಂಕ್ ಹಿಂಬದಿ ಸಸ್ಪೆನ್ಷನ್, ವಿಎಕ್ಯು, ಗಾಲ್ಫ್ ಆರ್‌ನ ಮುಂದಿನ ಬ್ರೇಕ್. ಟ್ರಿಮ್‌ನ ಹೆಸರಿಗೆ ತಕ್ಕ ಯಂತ್ರಭಾಗ ಕೊಟ್ಟ ಪ್ರಾಮಾಣಿಕ ಕಾರು, ಒಳಗಿನ ಪ್ಲಾಸ್ಟಿಕ್ ಮಾತ್ರ ಒಂದು ಮಟ್ಟ ಕೆಳಗೆ. ಮೇಲೆ ಹೇಳಿದ ಎಂಜಿನ್ ತಪಾಸಣೆ ಅದಕ್ಕೂ ಹಾಗೇ ಅನ್ವಯ.

ಹೋಂಡಾ ಸಿವಿಕ್ ಎಸ್‌ಐ, 2017–2020ರದು, 1.5 ಟರ್ಬೊ, 205 ಎಚ್‌ಪಿ, ಮ್ಯಾನುವಲ್ ಮಾತ್ರ. ಇದರ ಹೆಲಿಕಲ್ ಲಿಮಿಟೆಡ್ ಸ್ಲಿಪ್ ಡಿಫರೆನ್ಶಿಯಲ್ ಪೂರ್ತಿ ಯಾಂತ್ರಿಕ, ಪಂಪೂ ಇಲ್ಲ, ಮಾಡ್ಯೂಲೂ ಇಲ್ಲ. ಹಳೆಯದಾದಷ್ಟೂ ಇದರ ಬೆಲೆ ತಿಳಿಯುತ್ತದೆ. ದೋಷ ಎರಡು: ಚಳಿ ಪ್ರದೇಶದಲ್ಲಿ ಗಿಡ್ಡ ಓಡಾಟಕ್ಕೆ ಬಳಸಿದರೆ ಪೆಟ್ರೋಲ್ ಎಂಜಿನ್ ಆಯಿಲ್‌ಗೆ ಬೆರೆಯುತ್ತದೆ (ಡಿಪ್‌ಸ್ಟಿಕ್‌ನಲ್ಲಿ ಮಟ್ಟ ಗರಿಷ್ಠಕ್ಕಿಂತ ಮೇಲೆ, ಪೆಟ್ರೋಲ್ ವಾಸನೆ), ಎಸಿ ಕಂಡೆನ್ಸರ್ ತೂತಾಗುತ್ತದೆ.

ಸುಬರು ಡಬ್ಲ್ಯುಆರ್‌ಎಕ್ಸ್, 2015–2021ರದು, 268 ಎಚ್‌ಪಿ, ನಾಲ್ಕೂ ಚಕ್ರಕ್ಕೆ ಶಕ್ತಿ. ಹಿಡಿತದಲ್ಲಿ ಈ ಗುಂಪಿನ ದೊರೆ, ಶಾಂತಿಯಲ್ಲಿ ಕೊನೆಯದು. ನಾಲ್ಕು ಟೈರಿನ ಸವೆತವೂ ಸಮನಾಗಿರಬೇಕು, ಇಲ್ಲದಿದ್ದರೆ ನಡುವಿನ ಡಿಫರೆನ್ಶಿಯಲ್ ದುಡಿದು ಬಿಸಿಯಾಗುತ್ತದೆ. ಅದರ ಅಣ್ಣ ಎಸ್‌ಟಿಐ ಹಳೆಯ ಇಜೆ257 ಎಂಜಿನ್‌ನದು. ಪಿಸ್ಟನ್‌ನ ರಿಂಗ್ ಕೂರುವ ಅಂಚು ಮುರಿಯುವುದು ಅದರ ಕುಖ್ಯಾತ ರೋಗ. ಸಿಲಿಂಡರ್‌ಗಳು ಒತ್ತಡ ಹಿಡಿಯುತ್ತವೆಯೇ ಎಂದು ತೋರಿಸುವ ಕಂಪ್ರೆಷನ್ ಮತ್ತು ಲೀಕ್‌ಡೌನ್ ಪರೀಕ್ಷೆ ಮಾಡಿಸದೆ ಎಸ್‌ಟಿಐ ಕೊಳ್ಳಲೇಬಾರದು.

ಬಿಎಂಡಬ್ಲ್ಯು ಎಂ340ಐ ಬೇರೆಯದೇ ವರ್ಗ: ಆರು ಸಿಲಿಂಡರ್ ಬಿ58, 374 ಪಿಎಸ್, 500 ನ್ಯೂಟನ್ ಮೀಟರ್. ಎಂಜಿನ್ ಅದ್ಭುತ. ಆಯಿಲ್ ಫಿಲ್ಟರ್ ಹೌಸಿಂಗ್‌ನ ಸುತ್ತ ಸೋರಿಕೆ ನೋಡಿ. ‘ಜೀವಮಾನದ ಆಯಿಲ್’ ಎಂಬ ಮಾತು ನಂಬದೆ ಎಂಟು ಗೇರಿನ ಝಡ್‌ಎಫ್ ಆಟೊಮ್ಯಾಟಿಕ್ ಗೇರ್‌ಬಾಕ್ಸ್‌ಗೆ 80,000–1,00,000 ಕಿ.ಮೀ. ಒಳಗೆ ಆಯಿಲ್ ಬದಲಿಸಿ; ಅದರ ಪ್ಲಾಸ್ಟಿಕ್ ತಟ್ಟೆಯೊಳಗೇ ಫಿಲ್ಟರ್ ಇರುವುದರಿಂದ ತಟ್ಟೆ ಸಮೇತ ಬದಲಾಗುತ್ತದೆ. 320ಐ ಎಂ ಸ್ಪೋರ್ಟ್ ಎಂಬುದು ಬಂಪರ್, ಚಕ್ರ, ಸೀಟು, ಬಿಗಿ ಸಸ್ಪೆನ್ಷನ್‌ನ ಕಟ್ಟು, ಎಂಜಿನ್ ಸಾಮಾನ್ಯ 320ಐನದೇ. ಅಂಥದರ ಹಿಂದೆ ಎಂ340ಐ ಬ್ಯಾಡ್ಜ್ ಅಂಟಿಸಿರುವುದೂ ಉಂಟು, ಚಾಸಿ ಸಂಖ್ಯೆ ಹಾಕಿ ಮೂಲ ಮಾದರಿ ತಾಳೆ ನೋಡಿ.

ಮನೆಮಂದಿಗೂ ಬೇಕು, ವೇಗವೂ ಬೇಕು, ಸರ್ವಿಸ್ ಖರ್ಚು ಕೈಗೆಟುಕಬೇಕು ಎನ್ನುವವರಿಗೆ ಮುಟ್ಟದ ಸಾಫ್ಟ್‌ವೇರ್‌ನ ಆರ್‌ಎಸ್ 245 ನನ್ನ ಮೊದಲ ಆಯ್ಕೆ. ಅದು ಸಿಗದಿದ್ದರೆ ದಾಖಲೆ ಪೂರ್ತಿ ಇರುವ 230. ಹೆಚ್ಚು ಓಡಿದ್ದರೂ ಬಿಲ್ಲುಗಳಿರುವ ಕಾರು, ಕಡಿಮೆ ಓಡಿ ಬಿಲ್ಲಿಲ್ಲದ ಕಾರಿಗಿಂತ ಒಳ್ಳೆಯದು. ವರ್ಷಗಟ್ಟಲೆ ನಿಂತ ಕಾರಿನಲ್ಲಿ ಟೈರು ಗಟ್ಟಿಯಾಗಿರುತ್ತದೆ, ಸೀಲು ಒಣಗಿರುತ್ತದೆ, ಬ್ರೇಕ್ ಆಯಿಲ್ ನೀರು ಹೀರಿರುತ್ತದೆ.

ಕೊಂಡ ಮೇಲೆ ಮೊದಲ ವಾರದಲ್ಲೇ ಎಂಜಿನ್ ಆಯಿಲ್, ಆಯಿಲ್ ಮತ್ತು ಗಾಳಿ ಫಿಲ್ಟರ್, ನಾಲ್ಕು ಸ್ಪಾರ್ಕ್ ಪ್ಲಗ್, ಬ್ರೇಕ್ ಆಯಿಲ್. ದಾಖಲೆ ಇಲ್ಲದಿದ್ದರೆ ಡಿಎಸ್‌ಜಿ ಮತ್ತು ವಿಎಕ್ಯು ಆಯಿಲ್ ಕೂಡ. ಹಳೆಯ ಪ್ಲಗ್‌ಗಳನ್ನು ಸಿಲಿಂಡರ್ ಕ್ರಮದಲ್ಲೇ ಸಾಲಾಗಿ ಇಟ್ಟು ನೋಡಿ, ಒಂದು ಮಾತ್ರ ಕಪ್ಪಾಗಿ ಒದ್ದೆಯಾಗಿದ್ದರೆ ಆ ಸಿಲಿಂಡರಿನ ಕಾಯಿಲ್, ಇಂಜೆಕ್ಟರ್‌ಗಳನ್ನು ಒಂದೊಂದಾಗಿ ಪಕ್ಕದ್ದರ ಜೊತೆ ಅದಲುಬದಲು ಮಾಡಿ ದೋಷ ಎಲ್ಲಿಗೆ ಸರಿಯುತ್ತದೆ ಎಂದು ಪರೀಕ್ಷಿಸಿ. ಟೈರಿನ ಗೋಡೆಯ ಮೇಲಿನ ನಾಲ್ಕಂಕಿ ನೋಡಿ, ಮೊದಲೆರಡು ವಾರ, ಕೊನೆಯೆರಡು ವರ್ಷ. ಆರು ವರ್ಷ ದಾಟಿದ್ದರೆ ಗೀರು ಎಷ್ಟೇ ಆಳವಿದ್ದರೂ ನಾಲ್ಕನ್ನೂ ಬದಲಿಸಿ, ಬುಷ್ ಕೆಲಸ ಮುಗಿದ ನಂತರವೇ ವೀಲ್ ಅಲೈನ್‌ಮೆಂಟ್ ಮಾಡಿಸಿ.